ಓಡೋದು ಆಮೇಲೆ, ಮೊದಲು ನಿಲ್ಲೋದು ನೋಡಿ

ಎಲ್ರಿಗೂ ನಮಸ್ಕಾರ. ಕಾರಿನ ಬಗ್ಗೆ ರೇಡಿಯೋದಲ್ಲಿ ಹತ್ತು ನಿಮಿಷ ಮಾತಾಡಿ ಸಾರ್ ಅಂತ ಕರೆದಿದಾರೆ, ಬಂದಿದೀನಿ. ಕೊಟ್ಟಿರೋ ವಿಷಯ ಏನಪ್ಪಾ ಅಂದ್ರೆ ದಿನಾ ಆಫೀಸಿಗೆ ಓಡಾಡೋಕೆ ಕಮ್ಮಿ ಖರ್ಚಿನ ಕಾರು, ಜೊತೆಗೆ ಹಳೇ ಅಮೆರಿಕನ್ ಮಸಲ್ ಕಾರು, ಅಂದ್ರೆ ಸಾಧಾರಣ ಕಾರಿಗೆ ಭಾರೀ ಎಂಜಿನ್ ಹಾಕಿದ್ದು. ಎರಡನ್ನೂ ಒಂದೇ ಮಾತಲ್ಲಿ ಹೇಗೆ ಕಟ್ಟೋದು ಅಂತ ಅವರಿಗೆ ಯೋಚನೆ ಇತ್ತಂತೆ. ನಂಗೆ ಇಲ್ಲ. ಯಾಕಂದ್ರೆ ಎರಡರ ಬಗ್ಗೆನೂ ನಾನು ಹೇಳೋದು ಒಂದೇ.

ಈಗ ನೀವು ಡೆಟ್ರಾಯ್ಟ್ ಸುತ್ತಮುತ್ತ ಎಲ್ಲೋ ಕೆಲಸ ಮುಗಿಸಿ ಮನೆ ಕಡೆ ಹೋಗ್ತಾ, ಕಾರಲ್ಲೇ ಕೂತು ಇದನ್ನ ಕೇಳ್ತಿದೀರ ಅಂದ್ಕೊಂಡಿದೀನಿ. ನಿಮ್ಮಲ್ಲಿ ಒಬ್ರು ಹೊಸದಾಗಿ ಬಂದೋರು, ಸ್ನೇಹಿತರ ಕಾರು ಕಡ ತಗೊಂಡು ಓಡಿಸ್ತಿರೋರು, ಮೊದಲನೇ ಸೆಕೆಂಡ್ ಹ್ಯಾಂಡ್ ಕಾರು ಹುಡುಕ್ತಿರೋರು. ಇನ್ನೊಬ್ರು ಬಂದು ಇಪ್ಪತ್ತು ವರ್ಷ ಆಗಿರೋರು, ಮಕ್ಕಳು ಕಾಲೇಜಿಗೆ ಹೋಗಿ ಗ್ಯಾರೇಜಲ್ಲಿ ಒಂದು ಜಾಗ ಖಾಲಿ ಬಿದ್ದಿದೆ, ಅಲ್ಲೊಂದು ಹಳೇ ಫೋರ್ಡ್ ಮಸ್ಟಾಂಗ್ ಕಾರು ತಂದು ನಿಲ್ಲಿಸಬೇಕು ಅಂತ ರಾತ್ರಿ ಹನ್ನೆರಡು ಗಂಟೆ ತನಕ ಫೋನಲ್ಲಿ ಫೋಟೋ ನೋಡ್ತಾ ಕೂತಿರೋರು, ಮನೆಯವರಿಗೆ ಇನ್ನೂ ಹೇಳಿಲ್ಲ. ಇಬ್ರೂ ನನ್ನ ಹತ್ರ ಬಂದು ಕೇಳೋ ಮೊದಲನೇ ಪ್ರಶ್ನೆ ಒಂದೇ: "ಎಷ್ಟು ಹಾರ್ಸ್ ಪವರ್ರು, ಝೀರೋ ಟು ಸಿಕ್ಸ್ಟಿ ಎಷ್ಟು ಸೆಕೆಂಡು?" ಅಂದ್ರೆ ನಿಂತಲ್ಲಿಂದ ಗಂಟೆಗೆ ಅರವತ್ತು ಮೈಲಿ ಸ್ಪೀಡಿಗೆ ಏರೋಕೆ ಎಷ್ಟು ಹೊತ್ತು ಅಂತ. ಮೂವತ್ತು ವರ್ಷ ಬ್ರೇಕ್ ಕೆಲಸ ಮಾಡಿದೋನು ಸ್ವಾಮಿ ನಾನು. ಒಬ್ರಾದ್ರೂ, ಒಂದೇ ಒಂದು ಸಲ, ಸಿಕ್ಸ್ಟಿ ಟು ಝೀರೋ ಎಷ್ಟು ಅಂತ ಕೇಳಬಾರ್ದಾ?

ಓಡೋದು ಆಮೇಲೆ, ಮೊದಲು ನಿಲ್ಲೋದು ನೋಡಿ. ಇಷ್ಟೇ ನನ್ನ ಭಾಷಣ. ಇನ್ನು ಉಳಿದ ಟೈಮಲ್ಲಿ ಇದನ್ನೇ ಸುತ್ತಿ ಬಳಸಿ ಹೇಳ್ತೀನಿ.

ಬ್ರೇಕ್ ಅಂದ್ರೆ ಏನು? ಓಟವನ್ನ ಬಿಸಿ ಮಾಡೋ ಯಂತ್ರ, ಅಷ್ಟೇ. 1,700 ಕೆಜಿ ಕಾರು ಗಂಟೆಗೆ 100 ಕಿಲೋಮೀಟರ್, ಅಂದ್ರೆ ಅರವತ್ತೆರಡು ಮೈಲಿ ಸ್ಪೀಡಲ್ಲಿ ಹೋಗ್ತಿದೆ, ನೀವು ಕಾಲಿಟ್ರಿ, ನಿಂತ್ತು. ಆ ಒಂದು ಸಲ ನಿಂತಾಗ ಹುಟ್ಟೋ ಬಿಸಿಯಲ್ಲಿ ಸುಮಾರು ಎರಡು ಲೀಟರ್ ತಣ್ಣೀರು ಕುದಿ ಬರುತ್ತೆ. ಕೆಲವೇ ಸೆಕೆಂಡಲ್ಲಿ! ಮನೇಲಿ ಒಲೆ ಮೇಲಿಟ್ರೆ ಎಷ್ಟು ಹೊತ್ತು ಬೇಕು ಲೆಕ್ಕ ಹಾಕಿ. ಇನ್ನೊಂದು, ಸ್ಪೀಡು ಎರಡು ಪಟ್ಟು ಆದ್ರೆ ಬಿಸಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ನಿಲ್ಲೋಕೆ ಬೇಕಾದ ರೋಡೂ ನಾಲ್ಕು ಪಟ್ಟು. ಮೂವತ್ತು ಮೈಲಿಯಲ್ಲಿ ಆರಾಮಾಗಿ ನಿಂತ ಕಾರು ಅರವತ್ತರಲ್ಲೂ ಹಾಗೇ ನಿಲ್ಲುತ್ತೆ ಅಂದ್ಕೊಂಡ್ರೆ ಮುಗೀತು ಕಥೆ.

ಈಗ ಮಸಲ್ ಕಾರಿಗೆ ಬರೋಣ. ನನ್ನ ಮಾತು ಕೇಳಿ ಇವನಿಗೆ ಆ ಕಾರು ಕಂಡ್ರೆ ಆಗಲ್ಲ ಅನ್ಕೋಬೇಡಿ, ಅದರ ಸದ್ದು ಕೇಳಿದ್ರೆ ಈಗ್ಲೂ ನಾನು ಮನೆಯಿಂದ ಆಚೆ ಓಡಿ ಬರ್ತೀನಿ. 1964ರಲ್ಲಿ ಜನರಲ್ ಮೋಟರ್ಸ್‌ನ ಪಾಂಟಿಯಾಕ್ ಕಂಪನಿ ಜಿಟಿಒ ಅನ್ನೋ ಕಾರು ತಂತು, ಮಸಲ್ ಕಾರಿನ ಕಥೆ ಅಲ್ಲಿಂದ ಶುರು ಅಂತಾರೆ ಬಹಳ ಜನ. ಅದು ಬಂದಿದ್ದೇ ಒಂದು ಕಿಲಾಡಿತನದಿಂದ. ಜನರಲ್ ಮೋಟರ್ಸ್‌ನಲ್ಲಿ ಮಧ್ಯಮ ಸೈಜಿನ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರ್ದು ಅಂತ ರೂಲ್ಸ್ ಇತ್ತು. ಪಾಂಟಿಯಾಕ್‌ನ ಚೀಫ್ ಎಂಜಿನಿಯರ್ ಜಾನ್ ಡಿಲೋರಿಯನ್, ಅವರ ಟೀಮು ಏನು ಮಾಡಿದ್ರು ಅಂದ್ರೆ ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ 389 ಕ್ಯೂಬಿಕ್ ಇಂಚಿನ ಎಂಜಿನ್ನನ್ನ "ಆಪ್ಷನ್" ಅಂತ ಸೇರಿಸಿಬಿಟ್ರು, ಹೊಸ ಕಾರಲ್ಲ ಸ್ವಾಮಿ, ಬೇಕಾದೋರು ದುಡ್ಡು ಕೊಟ್ಟು ಹಾಕಿಸ್ಕೊಳ್ಳೋ ಸಾಮಾನು ಅಷ್ಟೇ, ಅಂತ. 325 ಹಾರ್ಸ್ ಪವರ್. ಎಂಜಿನ್ನಿಗೆ ಪೆಟ್ರೋಲು ಗಾಳಿ ಬೆರೆಸಿ ಕೊಡೋ ಕಾರ್ಬುರೇಟರ್ ಮೂರು ಇರೋದು ಬೇಕಾದ್ರೆ 348. ಬ್ರೇಕು? ನಾಲ್ಕೂ ಚಕ್ರಕ್ಕೆ ಒಂಬತ್ತೂವರೆ ಇಂಚಿನ ಡ್ರಮ್ ಬ್ರೇಕು, ಹಳೇ ಕಾಲದ್ದು. ಕುದುರೆ ಮುನ್ನೂರ ಇಪ್ಪತ್ತೈದು, ಲಗಾಮು ಮಾತ್ರ ಹೊಲಿಗೆ ದಾರ.

ಆ ಹಾರ್ಸ್ ಪವರ್ ಲೆಕ್ಕನೂ ಪೂರ್ತಿ ನಂಬಬೇಡಿ. ಆಗ ಅವರು ಹೇಳ್ತಿದ್ದಿದ್ದು ಗ್ರಾಸ್ ಲೆಕ್ಕ. ಎಂಜಿನ್ನನ್ನ ಸ್ಟ್ಯಾಂಡ್ ಮೇಲಿಟ್ಟು, ಕಾರಲ್ಲಿರೋ ಸೈಲೆನ್ಸರ್ರು ಫ್ಯಾನು ಏನೂ ಹಾಕದೆ ಬರೀ ಮೈಯಲ್ಲಿ ಓಡಿಸಿ ಅಳೆಯೋದು. 1972ರಿಂದ ನೆಟ್ ಲೆಕ್ಕ ಬಂತು. ಕ್ರೈಸ್ಲರ್‌ನ 426 ಹೆಮಿ ಇದೆಯಲ್ಲ, ಎಲ್ರೂ ಕಣ್ಣು ಮುಚ್ಚಿ ಕೈ ಮುಗಿಯೋ ಎಂಜಿನ್ನು, 1971ರಲ್ಲಿ ಅದೇ ಎಂಜಿನ್ನಿಗೆ ಗ್ರಾಸ್ 425, ನೆಟ್ 350. ಎಪ್ಪತ್ತೈದು ಕುದುರೆ ಕಾಗದದ ಮೇಲೇ ಮೇಯ್ತಿದ್ವು.

ಈಗ ನಿಮಗೊಂದು ಘಟನೆ ಹೇಳ್ಬೇಕು. ಹತ್ತು ಜನ ಸೇರಿದ ಕಡೆ ನಾನಿದನ್ನ ಹೇಳದೆ ಎದ್ದು ಬರಲ್ಲ, ನಮ್ಮನೇಲಿ ಇದು ಶುರುವಾದ್ರೆ ಎಲ್ರೂ ಒಳಗೆ ಹೋಗ್ತಾರೆ, ನೀವು ರೇಡಿಯೋ ಆಫ್ ಮಾಡಬೇಡಿ.

ನಮ್ಮ ಪಕ್ಕದ ಮನೇಲಿ ಒಬ್ಬ ಅಜ್ಜ ಇದ್ರು, ಕಾರ್ ಫ್ಯಾಕ್ಟರಿ ಲೈನಲ್ಲಿ ಜೀವಮಾನ ಎಲ್ಲ ದುಡಿದು ರಿಟೈರ್ ಆದೋರು. ಅವರ ಹತ್ರ 1965ರ ಒಂದು ಮಸಲ್ ಕಾರು. ಯಾವ ಕಂಪನಿ, ಯಾವ ಮಾಡೆಲ್ ಅಂತ ಹೇಳಲ್ಲ, ಹೇಳಿದ್ರೆ ಈ ಕಡೆಯೋರಿಗೆ ಅಜ್ಜ ಯಾರು ಅಂತ ಗೊತ್ತಾಗಿಬಿಡುತ್ತೆ. ಕಡು ನೀಲಿ ಬಣ್ಣ, ವಿ-8 ಎಂಜಿನ್ನು, ಮೇಲೆ ಮೂರು ಕಾರ್ಬುರೇಟರ್ ಸಾಲಾಗಿ. ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ ಹಳೇ ಬನಿಯನ್ ಬಟ್ಟೆಯಲ್ಲಿ ಆ ಮೂರನ್ನೂ ಒರೆಸ್ತಾ ನಿಲ್ಲೋರು, ಮಗೂಗೆ ಮುಖ ತೊಳೆದ ಹಾಗೆ. ಎರಡು ವರ್ಷ ನಾನು ಬೇಲಿ ಈ ಕಡೆ ನಿಂತು ಬಾಯಿ ಚಪ್ಪರಿಸಿದೀನಿ. ಕೇಳೋಕೆ ನಾಚಿಕೆ. ಒಂದು ಆಗಸ್ಟ್ ಸಂಜೆ ಅವರೇ ಕೀ ಎಸೆದ್ರು. "ನೀನೇ ಓಡಿಸು, ವುಡ್‌ವರ್ಡ್‌ಗೆ ಹೋಗೋಣ."

ವುಡ್‌ವರ್ಡ್ ಅವೆನ್ಯೂ ಗೊತ್ತಲ್ಲ, 1909ರಲ್ಲಿ ಅಮೆರಿಕದ ಮೊದಲನೇ ಒಂದು ಮೈಲಿ ಕಾಂಕ್ರೀಟ್ ಹೆದ್ದಾರಿ ಹಾಕಿದ್ದು ಅದೇ ರೋಡಲ್ಲಿ, ಆಮೇಲೆ ಅರವತ್ತರ ದಶಕದಲ್ಲಿ ಹುಡುಗರು ಸಿಗ್ನಲ್ಲಿಂದ ಸಿಗ್ನಲ್ಲಿಗೆ ರೇಸ್ ಬಿಡ್ತಿದ್ದ ರೋಡೂ ಅದೇ. ಕಾರು ಕಂಪನಿ ಎಂಜಿನಿಯರ್‌ಗಳೇ ರಾತ್ರಿ ಬಂದು ಬಿಡ್ತಿದ್ರು ಅಂತ ಅಜ್ಜ ಹೇಳೋರು. ಸರಿ, ಕೂತೆ. ಪವರ್ ಸ್ಟೀರಿಂಗ್ ಇಲ್ಲ, ತೆಳ್ಳಗಿನ ದೊಡ್ಡ ಸ್ಟೀರಿಂಗ್ ಚಕ್ರ, ಸೊಂಟಕ್ಕೆ ಮಾತ್ರ ಬೆಲ್ಟು. ಪೆಟ್ರೋಲ್ ವಾಸನೆ ಗಮ್ ಅಂತಿದೆ. ಆ ಮೂರು ಕಾರ್ಬುರೇಟರ್ ಹೆಂಗೆ ಅಂದ್ರೆ, ಮಾಮೂಲಿ ಓಡಿಸೋವಾಗ ನಡುವಿನದೊಂದೇ ಕೆಲಸ ಮಾಡೋದು, ಕಾಲು ಪೂರ್ತಿ ಒತ್ತಿದ್ರೆ ಅಕ್ಕಪಕ್ಕದ ಎರಡೂ ಬಾಯಿ ತೆಗೀತವೆ. ಒತ್ತಿದೆ. ತೆಗೆದ್ವು. ಬೆನ್ನು ಸೀಟಿಗೆ ಅಂಟಿಕೊಳ್ತು, ಎದೆಗೂಡೊಳಗೆ ಯಾರೋ ತಮಟೆ ಬಡಿದ ಹಾಗಾಯ್ತು, ನಾನು ಜೋರಾಗಿ ನಗ್ತಾ ಇದ್ದೆ ಅಂತ ಆಮೇಲೆ ಅಜ್ಜ ಹೇಳಿದ್ರು. ಎಷ್ಟು ಸ್ಪೀಡಲ್ಲಿದ್ದೆ ಅಂತ ರೇಡಿಯೋದಲ್ಲಿ ಹೇಳಲ್ಲ.

ಮೊದಲನೇ ಸಿಗ್ನಲ್ಲಿಗೆ ನಿಂತ್ತು. ಎರಡನೇದಕ್ಕೂ ನಿಂತ್ತು, ಸ್ವಲ್ಪ ಎಡಕ್ಕೆ ಎಳೀತು. ಬ್ರೇಕ್ ಎಂಜಿನಿಯರ್ ಅಲ್ವಾ ನಾನು, ಎಡಕ್ಕೆ ಎಳೆದಾಗಲೇ ಗೊತ್ತಾಗಬೇಕಿತ್ತು. ಎಲ್ಲಿ ಗೊತ್ತಾಗುತ್ತೆ, ತಲೆಯೆಲ್ಲಾ ಆ ಸದ್ದಲ್ಲೇ ಇತ್ತು. ಮೂರನೇ ಸಿಗ್ನಲ್ಲು, ಮುಂದೆ ಒಂದು ಬೂದು ಬಣ್ಣದ ಹಳೇ ಕೊರೊಲ್ಲಾ. ಹಳದಿ ಬಿತ್ತು, ಆ ಕಾರು ಶಿಸ್ತಾಗಿ ನಿಂತುಬಿಡ್ತು. ನಾನು ಕಾಲಿಟ್ಟೆ. ಪೆಡಲ್ಲು ಕೆಳಗೆ ಹೋಯ್ತು, ಇನ್ನೂ ಹೋಯ್ತು, ಕಾರು ಮಾತ್ರ ತನ್ನ ಪಾಡಿಗೆ ತಾನು ಹೋಗ್ತಾ ಇದೆ! ಜೀವ ಬಾಯಿಗೆ ಬಂತು. ಎರಡೂ ಕಾಲಿಟ್ಟು ತುಳಿದೆ, ಗೇರ್ ಇಳಿಸಿದೆ, ಸ್ಟೀರಿಂಗ್ ಬಲಕ್ಕೆ ಜಗ್ಗಿ ಹಿಡಿದೆ, ಅಜ್ಜ ಡ್ಯಾಶ್‌ಬೋರ್ಡ್ ಮೇಲೆ ಕೈಯಿಟ್ಕೊಂಡು ಸುಮ್ಮನೆ ಕೂತಿದಾರೆ. ನಿಂತಾಗ ಮುಂದಿನ ಕಾರಿಗೂ ನಮಗೂ ಒಂದು ಮೊಳ ಇತ್ತೋ ಇಲ್ವೋ. ಸುಟ್ಟ ರಬ್ಬರ್ ಅಲ್ಲ, ಬ್ರೇಕ್ ಲೈನಿಂಗ್ ಸುಟ್ಟ ವಾಸನೆ, ಅದು ಬೇರೆನೇ, ನಂಗೆ ನಿದ್ದೆಯಲ್ಲೂ ಗೊತ್ತಾಗುತ್ತೆ. ಮುಂದಿನ ಕಾರಲ್ಲಿದ್ದ ಹುಡುಗಿ ಕನ್ನಡಿ ಕೂಡ ನೋಡಲಿಲ್ಲ. ಹಸಿರು ಬಿತ್ತು, ಅವಳ ಪಾಡಿಗೆ ಅವಳು ಹೋದ್ಲು.

ಅಜ್ಜ ಹೇಳಿದ್ದೇನು ಗೊತ್ತಾ? "ಹೌದು, ಇದು ಸ್ವಲ್ಪ ಹಾಗೇನೇ."

ಮಾರನೇ ದಿನ ನಾನೇ ಜ್ಯಾಕ್ ಕೊಟ್ಟು ಮುಂದಿನ ಎರಡೂ ಚಕ್ರ ಬಿಚ್ಚಿದೆ. ಡ್ರಮ್ ಅಂದ್ರೆ ಒಂದು ಮುಚ್ಚಿದ ಡಬ್ಬಿ, ಒಳಗಿಂದ ಎರಡು ಶೂ, ಅಂದ್ರೆ ಲೈನಿಂಗ್ ಮೆತ್ತಿದ ಬಿಲ್ಲಿನಾಕಾರದ ಪಟ್ಟಿ, ಅಗಲಿಸಿ ಗೋಡೆಗೆ ಒತ್ತೋದು. ಡಬ್ಬಿ ಕಾದ್ರೆ ಹಿಗ್ಗುತ್ತೆ, ಹಿಗ್ಗಿದ್ರೆ ಗೋಡೆ ಶೂಯಿಂದ ದೂರ ಹೋಗುತ್ತೆ, ಅದಕ್ಕೇ ಪೆಡಲ್ಲು ಪಾತಾಳಕ್ಕೆ ಹೋಗಿದ್ದು. ಡಿಸ್ಕ್ ಬ್ರೇಕು, ಅಂದ್ರೆ ಎರಡು ಕಡೆಯಿಂದ ಪ್ಯಾಡ್ ಹಿಡಿಯೋ ತಟ್ಟೆ, ಅದಾದ್ರೆ ಬಯಲಲ್ಲಿರುತ್ತೆ, ಗಾಳಿ ಆಡುತ್ತೆ, ಕಾದು ಹಿಗ್ಗಿದ್ರೂ ಪ್ಯಾಡ್ ಕಡೆಗೇ ಹಿಗ್ಗುತ್ತೆ. ಎಡಗಡೆ ಡ್ರಮ್ಮಿನ ಒಳಗೆಲ್ಲಾ ನೀಲಿ ಮಚ್ಚೆ, ಶೂ ಮೈ ಗಾಜಿನ ಹಾಗೆ ಹೊಳೀತಿದೆ. ಬಲಗಡೆ ತೆಗೆದ್ರೆ ಶೂ ಮೇಲೆ ಗೀರೂ ಇಲ್ಲ! ಶೂ ತಳ್ಳೋ ವೀಲ್ ಸಿಲಿಂಡರ್ ಒಳಗಿನ ಪಿಸ್ಟನ್ ತುಕ್ಕು ಹಿಡಿದು ಕಚ್ಕೊಂಡಿತ್ತು, ಬೆರಳಲ್ಲಿ ತಳ್ಳಿದ್ರೆ ಬರಲ್ಲ, ಸುತ್ತಿಗೆಯಲ್ಲಿ ತಟ್ಟಿದ್ರೂ ಬರಲ್ಲ. ಅಂದ್ರೆ ಮುಂದಿನ ಎರಡರಲ್ಲಿ ಒಂದೇ ಚಕ್ರ ಹಿಡೀತಿತ್ತು. ಯಾಕೆ ತುಕ್ಕು? ಬ್ರೇಕ್ ಆಯಿಲ್ ಗಾಳಿಯಲ್ಲಿರೋ ನೀರು ಕುಡಿಯುತ್ತೆ. ಎಷ್ಟು ವರ್ಷ ಆಯ್ತು ಬದಲಾಯಿಸಿ ಅಂತ ಕೇಳಿದೆ. ಅಜ್ಜ ಗಡ್ಡ ಕೆರ್ಕೊಂಡು, "ಹನ್ನೊಂದಿರಬಹುದು" ಅಂದ್ರು. ಆ ಹನ್ನೊಂದು ವರ್ಷದಲ್ಲಿ ಎಂಜಿನ್ ಎರಡು ಸಲ ಪೂರ್ತಿ ಬಿಚ್ಚಿ ಕಟ್ಟಿದಾರೆ! ಹೊರಗೆ ಥಳುಕು, ಒಳಗೆ ಹುಳುಕು. ಅದ್ರ ಮೇಲೆ ಪೆಡಲ್ ತುಳಿದಾಗ ಎಲ್ಲಾ ಚಕ್ರಕ್ಕೂ ಬ್ರೇಕ್ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ರು ಆ ಕಾರಲ್ಲಿ ಒಂಟಿ, ಎಲ್ಲಾದ್ರೂ ಒಂದು ಕಡೆ ಸೋರಿದ್ರೆ ನಾಲ್ಕೂ ಚಕ್ರಕ್ಕೆ ಬ್ರೇಕಿಲ್ಲ. ಅಮೆರಿಕದ ಕಾರುಗಳಿಗೆಲ್ಲ ಎರಡು ಬೇರೆ ಬೇರೆ ಬ್ರೇಕ್ ಲೈನು ಬಂದಿದ್ದು 1967ರ ಮಾಡೆಲ್‌ನಿಂದ.

ಮುಂದಕ್ಕೆ ಡಿಸ್ಕ್ ಹಾಕಿಸಿ ಅಜ್ಜ, ಕಿಟ್ ಸಿಗುತ್ತೆ ಅಂದೆ. ಒರಿಜಿನಲ್ ಕೆಡುತ್ತೆ, ಬೇಡ ಅಂದ್ರು. ನಾಲ್ಕು ಹೊಸ ಸಿಲಿಂಡರ್ ಮಾತ್ರ ಹಾಕಿಸ್ಕೊಂಡ್ರು, ಅದೂ ನಾನು ಗಲಾಟೆ ಮಾಡಿದ್ಮೇಲೆ.

ಅಯ್ಯೋ, ಸ್ಟುಡಿಯೋ ಗಾಜಿನ ಆ ಕಡೆಯಿಂದ ಬೆರಳು ತೋರಿಸ್ತಿದಾರೆ, ಮೂರೇ ನಿಮಿಷ ಅಂತೆ. ಸರಿ ಸರಿ, ದಿನದ ಕಾರಿಗೆ ಬಂದೆ.

1973ರಲ್ಲಿ ಹೋಂಡಾ ಸಿವಿಕ್ ಈ ದೇಶಕ್ಕೆ ಬಂದಾಗ ಜನ ಇದೇನು ಆಟದ ಸಾಮಾನಾ ಅಂತ ನಕ್ಕಿದ್ರು, ಅದೇ ವರ್ಷ ಅಕ್ಟೋಬರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದ್ವು, ಪೆಟ್ರೋಲ್ ಬಂಕ್ ಮುಂದೆ ಕ್ಯೂ, 1974ಕ್ಕೆ ಇಡೀ ದೇಶಕ್ಕೆ 55 ಮೈಲಿ ಸ್ಪೀಡ್ ಲಿಮಿಟ್ಟು, ನಗು ನಿಂತ್ತು. ಮಸಲ್ ಕಾರಿಗೆ ಅಷ್ಟೊತ್ತಿಗಾಗಲೇ ಹೊಗೆ ಕಾನೂನು, ಇನ್ಶೂರೆನ್ಸ್ ಎರಡೂ ಸೇರಿ ಉಸಿರು ಕಟ್ಟಿಸಿದ್ವು. ಇತಿಹಾಸ ಸಾಕು. ನಿಮಗೆ ಬೇಕಾಗಿರೋದು ಯಾವ ಕಾರು ಅಂತ. ಸಿವಿಕ್ಕೋ ಕೊರೊಲ್ಲಾನೋ ಯಾವ್ದಾದ್ರೂ ತಗೊಳ್ಳಿ, ಅದರ ಮೇಲೆ ಜಗಳ ಆಡೋರ ಜೊತೆ ನಾನು ಕೂರಲ್ಲ. 2012 ಅಥವಾ ಆಮೇಲಿನ ಮಾಡೆಲ್ ಇರ್ಲಿ, ಯಾಕಂದ್ರೆ ಅಲ್ಲಿಂದ ಎಲ್ಲಾ ಹೊಸ ಕಾರಿಗೂ ಸ್ಟೆಬಿಲಿಟಿ ಕಂಟ್ರೋಲ್, ಅಂದ್ರೆ ಕಾರು ಅಡ್ಡ ಜಾರದ ಹಾಗೆ ಹಿಡಿಯೋ ವ್ಯವಸ್ಥೆ, ಕಡ್ಡಾಯ ಆಯ್ತು, ಅದಿದ್ರೆ ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ನೋಡೋ ಎಬಿಎಸ್ಸೂ ಜೊತೆಗೇ ಇರುತ್ತೆ.

ನೋಡೋಕೆ ಹೋದಾಗ ಸನ್‌ರೂಫು, ಸ್ಕ್ರೀನು ಆಮೇಲೆ. ಎಂಜಿನ್ ಆನ್ ಮಾಡಿ, ಬ್ರೇಕ್ ಪೆಡಲ್ ಗಟ್ಟಿಯಾಗಿ ತುಳಿದು ಹಿಡಿದು ಮೂವತ್ತು ಎಣಿಸಿ. ಕಾಲು ನಿಧಾನಕ್ಕೆ ಕೆಳಗಿಳೀತಿದ್ರೆ ಎದ್ದು ಬನ್ನಿ. ಆಮೇಲೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ಇಪ್ಪತ್ತು ಮೈಲಿಯಲ್ಲಿ ಹೋಗಿ ಸ್ವಲ್ಪ ಜೋರಾಗೇ ಬ್ರೇಕ್ ಹಾಕಿ, ಯಾವ ಕಡೆಗಾದ್ರೂ ಎಳೆಯುತ್ತಾ ನೋಡಿ. ನನ್ನ ಹಾಗೆ ನಗ್ತಾ ಕೂತ್ಕೋಬೇಡಿ.

ಮಿಶಿಗನ್ನಲ್ಲಿ, ಅಂದ್ರೆ ಡೆಟ್ರಾಯ್ಟ್ ಇರೋ ಈ ರಾಜ್ಯದಲ್ಲಿ, ಇರೋರಿಗೆ ಇನ್ನೊಂದು. ಚಳಿಗಾಲದಲ್ಲಿ ರೋಡಿಗೆ ಸುರಿಯೋ ಉಪ್ಪು ಕಾರಿನ ಹೊಟ್ಟೆ ಕೆಳಗೆ ಹೋಗೋ ಬ್ರೇಕ್ ಪೈಪನ್ನ ತಿಂತಾ ಇರುತ್ತೆ, ಪೈಪು ಪೆನ್ಸಿಲ್ಲಿಗಿಂತ ತೆಳ್ಳಗೆ, ಕಬ್ಬಿಣದ್ದು. ಟಾರ್ಚ್ ಹಿಡಿದು ಮಲಗಿ ನೋಡಿ, ಮರದ ತೊಗಟೆ ತರ ಸಿಪ್ಪೆ ಎದ್ದಿದ್ರೆ ಆ ಕಾರು ಬೇಡ, ಇಲ್ಲಾ ಪೈಪ್ ಬದಲಾಯಿಸೋ ಖರ್ಚು ಬೆಲೆಯಲ್ಲಿ ಕಳೀರಿ. ವರ್ಷ ವರ್ಷ ಸರ್ಕಾರದೋರು ಚೆಕ್ ಮಾಡ್ತಾರಲ್ಲ ಅಂತ ಹೋದ ವಾರ ಒಬ್ರು ವಾದ ಮಾಡಿದ್ರು. ಈ ರಾಜ್ಯದಲ್ಲಿ ಅಂಥ ಚೆಕ್ಕಿಂಗ್ ಇಲ್ಲ ಸ್ವಾಮಿ, ನೀವೇ ಮಲಗಬೇಕು.

ಟೈರು ಕೊನೇದು. ಬ್ರೇಕ್ ನಿಲ್ಲಿಸೋದು ಚಕ್ರವನ್ನ, ಕಾರನ್ನ ನಿಲ್ಲಿಸೋದು ಟೈರು, ಅದು ರೋಡು ಮುಟ್ಟೋದು ಬರೀ ಅಂಗೈಯಗಲ. ಟೈರಿನ ಪಕ್ಕೆಯಲ್ಲಿ ಡಿಒಟಿ ಅಂತ ಇರೋ ಸಾಲಿನ ಕೊನೇ ನಾಲ್ಕು ಅಂಕಿ ನೋಡಿ. 2319 ಅಂತಿದ್ರೆ 2019ನೇ ಇಸವಿಯ 23ನೇ ವಾರ ತಯಾರಾಗಿದ್ದು. ಹೊಸ ಟೈರ್ ಹಾಕ್ಸಿದೀನಿ ಅಂತ ಮಾರೋರು ಹೇಳೋದಕ್ಕೂ ಆ ಅಂಕಿಗೂ ತಾಳೆ ಆಗುತ್ತಾ ನೋಡಿ. ಹಳೇ ಮಸ್ಟಾಂಗ್ ನೋಡೋಕೆ ಹೋಗೋರೂ ಇದನ್ನ ಬಿಡಬೇಡಿ, ಗ್ಯಾರೇಜಲ್ಲೇ ನಿಂತಿರೋ ಕಾರಿನ ಟೈರು ನೋಡೋಕೆ ಹೊಸದರ ಹಾಗೇ ಇರುತ್ತೆ, ಒಳಗೆ ರಬ್ಬರ್ ಕಲ್ಲಾಗಿರುತ್ತೆ.

ಆಯ್ತು, ಟೈಮಾಯ್ತು, ಎದ್ದೆ. ಅಜ್ಜ ಚೆನ್ನಾಗಿದಾರೆ, ಈ ಆಗಸ್ಟ್ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ, ಅದೇ ಹಳೇ ಕಾರುಗಳ ಮೆರವಣಿಗೆಗೆ, ಕಾರು ತರ್ತಾರಂತೆ. ಕಡು ನೀಲಿ ಬಣ್ಣ. ನಿಮ್ಮ ಕನ್ನಡಿಯಲ್ಲಿ ಕಂಡ್ರೆ ದಯವಿಟ್ಟು ಗಕ್ಕಂತ ಬ್ರೇಕ್ ಹಾಕಬೇಡಿ. ನಮಸ್ಕಾರ.