ಅಮ್ಮನಾಗುವ ಮೊದಲಿನ ಪಂಡರಿಬಾಯಿ

ಕೇಳುಗರೆಲ್ಲರಿಗೂ ನಮಸ್ಕಾರ.

ಪಂಡರಿಬಾಯಿ ಅಂದ ಕೂಡಲೇ ನಿಮಗೆ ನೆನಪಾಗುವ ಮುಖ ಯಾವುದು ಅಂತ ನಾನೇ ಹೇಳಿಬಿಡುತ್ತೇನೆ. ಹಣೆಯಲ್ಲಿ ದೊಡ್ಡ ಕುಂಕುಮ, ಹೆಗಲ ತುಂಬ ಸೆರಗು, ದೇವರ ಮುಂದೆ ಕೈಮುಗಿದು ಮಗನಿಗಾಗಿ ಕಣ್ಣೀರು ಹಾಕುವ ಅಮ್ಮ. ಇಲ್ಲವೇ ಕುಂಕುಮವೂ ಇಲ್ಲದ, ಬಿಳಿ ಸೀರೆಯ ಅಮ್ಮ. ಅಲ್ವಾ? ಕನ್ನಡದಲ್ಲಿ ಹೇಗೋ ತಮಿಳಿನಲ್ಲೂ ಹಾಗೆಯೇ. ಎರಡೂ ಕಡೆ ಎರಡು ಮೂರು ತಲೆಮಾರಿನ ನಾಯಕರಿಗೆ ಆಕೆ ಅಮ್ಮನಾದರು. ಆ ಅಮ್ಮನನ್ನು ನಾವು ಎಷ್ಟು ಹಚ್ಚಿಕೊಂಡೆವು ಅಂದರೆ, ಅದಕ್ಕಿಂತ ಮೊದಲು ಆಕೆ ಏನಾಗಿದ್ದರು ಅನ್ನೋದನ್ನೇ ಮರೆತುಬಿಟ್ಟೆವು. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ಮರೆತ ಪಂಡರಿಬಾಯಿಯ ಬಗ್ಗೆ.

ಊರು ಭಟ್ಕಳ. ನಮ್ಮ ಉತ್ತರ ಕನ್ನಡದ ಕಡಲ ದಂಡೆ. ಸಣ್ಣ ವಯಸ್ಸಿನಲ್ಲೇ ಪೌರಾಣಿಕ ನಾಟಕಗಳಲ್ಲಿ ಬಣ್ಣ ಹಚ್ಚಿದವರು. ಸಿನಿಮಾಕ್ಕೆ ಬಂದದ್ದು 1943ರಲ್ಲಿ, 'ವಾಣಿ' ಚಿತ್ರದಿಂದ. ಪಿಟೀಲು ಚೌಡಯ್ಯನವರು ಇದ್ದಾರಲ್ಲ, ಅವರೇ ಆಸಕ್ತಿ ವಹಿಸಿ ಮಾಡಿದ ಚಿತ್ರ ಅದು. ನಿರ್ದೇಶನ ಕೆ. ಹಿರಣ್ಣಯ್ಯನವರದು, ಅಂದರೆ ಮಾಸ್ಟರ್ ಹಿರಣ್ಣಯ್ಯನವರ ತಂದೆ. ಆಗ ಕನ್ನಡದಲ್ಲಿ ವರ್ಷಕ್ಕೆ ಒಂದೆರಡು ಚಿತ್ರ ಬಂದರೆ ಅದೇ ದೊಡ್ಡದು. ಸ್ಟುಡಿಯೋ ಅಂದರೆ ಮದರಾಸಿಗೋ ಕೊಯಮತ್ತೂರಿಗೋ ಹೋಗಬೇಕು. ಕನ್ನಡವನ್ನೇ ನಂಬಿ ಕೂತರೆ ಹೊಟ್ಟೆ ತುಂಬುವಂತಿರಲಿಲ್ಲ. ಹಾಗಾಗಿ ಭಟ್ಕಳದ ಹುಡುಗಿ ಮದರಾಸಿನವರಾದರು, ತಮಿಳು ಕಲಿತರು. 1951ರ ಹೊತ್ತಿಗೆ ಎವಿಎಂ ಸ್ಟುಡಿಯೋದ ಹಿಂದಿ ಚಿತ್ರ 'ಬಹಾರ್'ನಲ್ಲಿ ವೈಜಯಂತಿಮಾಲಾ ಜೊತೆ ಕಾಣಿಸಿಕೊಂಡಿದ್ದರು. ಮುಂದೆ ದಿಲೀಪ್ ಕುಮಾರ್ ಅವರ 'ಪೈಗಾಮ್'ನಲ್ಲೂ ಇದ್ದಾರೆ. ಆದರೆ ಹಿಂದಿಯ ಕಥೆ ಇಲ್ಲಿಗೆ ಸಾಕು. ನಿಜವಾದ ಕಥೆ ಇರುವುದು ಮದರಾಸಿನಲ್ಲೇ.

1952ರ ದೀಪಾವಳಿಗೆ 'ಪರಾಶಕ್ತಿ' ಅನ್ನೋ ತಮಿಳು ಚಿತ್ರ ತೆರೆಗೆ ಬಂತು. ಸಂಭಾಷಣೆ ಬರೆದವರು ಕರುಣಾನಿಧಿ. ಗಣೇಶನ್ ಎಂಬ ನಾಟಕದ ಹುಡುಗನಿಗೆ ಅದು ಮೊದಲ ಚಿತ್ರ. ಈ ಬಡಕಲು ಹುಡುಗ ನಡೆಯುತ್ತಾನಾ ಅಂತ ಸ್ಟುಡಿಯೋದವರಿಗೇ ಅನುಮಾನವಿತ್ತು. ಬೇರೆಯವರನ್ನು ಹಾಕೋಣ ಅನ್ನುವವರೆಗೂ ಮಾತು ಹೋಗಿತ್ತು. ನಿರ್ಮಾಪಕ ಪೆರುಮಾಳ್ ಹಟ ಹಿಡಿದದ್ದರಿಂದ ಹುಡುಗ ಉಳಿದುಕೊಂಡ, ಶಿವಾಜಿ ಗಣೇಶನ್ ಆದ. ಆ ಚಿತ್ರದ ನಾಯಕಿ, ವಿಮಲಾ ಪಾತ್ರ ಮಾಡಿದವರು ನಮ್ಮ ಪಂಡರಿಬಾಯಿ. ಆಗಲೇ ಸಿನಿಮಾದಲ್ಲಿ ಒಂಬತ್ತು ವರ್ಷ ಕಳೆದಿದ್ದವರು. ಅಂದರೆ ಆ ಸೆಟ್ಟಿನಲ್ಲಿ ಹಿರಿಯರು ಯಾರು, ಹೊಸಬರು ಯಾರು ಅಂತ ಸ್ವಲ್ಪ ಯೋಚನೆ ಮಾಡಿ.

ಎರಡು ವರ್ಷ ಬಿಟ್ಟು ಇದೇ ಕಥೆ ಕನ್ನಡದಲ್ಲೂ ನಡೆಯಿತು. ಗುಬ್ಬಿ ಕಂಪನಿಯ ಮುತ್ತುರಾಜ್ ಎಂಬ ನಟನನ್ನು ಎಚ್.ಎಲ್.ಎನ್. ಸಿಂಹ ಅವರು 'ಬೇಡರ ಕಣ್ಣಪ್ಪ'ಕ್ಕೆ ಆರಿಸಿಕೊಂಡರು, ರಾಜ್‌ಕುಮಾರ್ ಅಂತ ಹೆಸರಿಟ್ಟರು. ನರಸಿಂಹರಾಜು, ಜಿ.ವಿ. ಅಯ್ಯರ್ ಅವರಿಗೂ ಅದರಿಂದಲೇ ಬಾಗಿಲು ತೆರೆಯಿತು. ಎಲ್ಲರೂ ರಂಗಭೂಮಿಯಿಂದ ಬಂದವರು, ಕ್ಯಾಮೆರಾದ ಒಡನಾಟ ಕಡಿಮೆ ಇದ್ದವರು. ಅವರೆಲ್ಲರ ನಡುವೆ ಕ್ಯಾಮೆರಾದ ಮುಂದೆ ಪಳಗಿದ್ದವರು ನೀಲ ಪಾತ್ರದ ಪಂಡರಿಬಾಯಿ. ಈಗ ಆ ಚಿತ್ರ ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ರಾಜ್‌ಕುಮಾರ್ ಅವರ ನಾಯಕ ಪಾತ್ರ ದಿಣ್ಣ ಇನ್ನೂ ನಾಟಕದ ಹಿಂದಿನ ಸಾಲಿನವರಿಗೂ ಕೇಳಿಸಬೇಕು ಅನ್ನುವ ಹಾಗೆ ಮಾತಾಡುತ್ತಾನೆ. ತಪ್ಪಲ್ಲ, ಅದೇ ಅವರ ಶಾಲೆ. ನೀಲ ಮಾತ್ರ ಪಕ್ಕದಲ್ಲಿ ನಿಂತವನಿಗೆ ಕೇಳಿಸಿದರೆ ಸಾಕು ಅನ್ನುವಷ್ಟೇ ದನಿ ತೆಗೆಯುತ್ತಾಳೆ. ಮೈಕು ಹತ್ತಿರದಲ್ಲೇ ಇದೆ ಅಂತ ಆಕೆಗೆ ಗೊತ್ತಿತ್ತು.

ಹೀಗೆ ದಕ್ಷಿಣದ ಎರಡು ಭಾಷೆಯ ಇಬ್ಬರು ದೊಡ್ಡ ನಟರು ಮೊದಲ ಸಲ ನಾಯಕರಾಗಿ ನಿಂತಾಗ, ಇಬ್ಬರ ಎದುರಿಗೂ ನಾಯಕಿಯಾಗಿ ನಿಂತವರು ಒಬ್ಬರೇ. ಇದು ಸುಮ್ನೆ ಕ್ವಿಜ್‌ನಲ್ಲಿ ಕೇಳೋ ಪ್ರಶ್ನೆ ಅಲ್ಲ. ಹೊಸ ನಟನ ಮೇಲೆ ದುಡ್ಡು ಹಾಕುವಾಗ, ಎದುರಿಗೆ ಕೆಲಸ ಬಲ್ಲವರೊಬ್ಬರು ಇರಲಿ ಅಂತ ಯಾವ ನಿರ್ಮಾಪಕನಾದರೂ ಬಯಸುತ್ತಾನೆ.

ಇನ್ನು ನನಗೆ ಅತಿ ಇಷ್ಟವಾದ ಚಿತ್ರಕ್ಕೆ ಬರುತ್ತೇನೆ. 'ಬೇಡರ ಕಣ್ಣಪ್ಪ' ತೆರೆಕಂಡದ್ದು 1954ರ ಮೇ ತಿಂಗಳಲ್ಲಿ. ಅದಕ್ಕೆ ಸರಿಯಾಗಿ ಒಂದು ತಿಂಗಳೂ ಆಗಿರಲಿಲ್ಲ, ಏಪ್ರಿಲ್‌ನಲ್ಲಿ ತಮಿಳಿನಲ್ಲಿ 'ಅಂದ ನಾಳ್' ಬಂದಿತ್ತು. ನಿರ್ದೇಶಕರು ಎಸ್. ಬಾಲಚಂದರ್, ವೀಣೆ ಬಾಲಚಂದರ್ ಅಂತ ನಮಗೆಲ್ಲ ಗೊತ್ತಿರುವವರೇ. ಅಷ್ಟು ದೊಡ್ಡ ಸಂಗೀತಗಾರ ಸಿನಿಮಾ ಮಾಡಿದಾಗ ಎಷ್ಟು ಹಾಡು ಇಟ್ಟಿರಬಹುದು? ಒಂದೂ ಇಲ್ಲ! ಹಾಡಿಲ್ಲ, ಕುಣಿತವಿಲ್ಲ, ಹೊಡೆದಾಟವಿಲ್ಲ. ತಮಿಳಿನಲ್ಲಿ ಅಂಥದ್ದು ಅದೇ ಮೊದಲು.

ಕಥೆ ನಡೆಯುವುದು 1943ರ ಅಕ್ಟೋಬರಿನಲ್ಲಿ. ಎರಡನೇ ಮಹಾಯುದ್ಧದ ಕಾಲ, ಜಪಾನಿನ ವಿಮಾನ ಮದರಾಸಿನ ಮೇಲೆ ಬಾಂಬು ಹಾಕಿದ ಸಮಯ. ರಾಜನ್ ಅನ್ನುವ ಎಂಜಿನಿಯರ್ ತನ್ನ ಮನೆಯಲ್ಲೇ ಗುಂಡೇಟಿಗೆ ಸತ್ತು ಬಿದ್ದಿದ್ದಾನೆ. ಯಾವ ಎಂಜಿನಿಯರ್ ಗೊತ್ತಾ? ರೇಡಿಯೋ ಎಂಜಿನಿಯರ್. ಇಲ್ಲಿ ಕೂತು ಈ ಕಥೆ ಹೇಳುವಾಗ ನನಗೆ ಒಂಥರಾ ಆಗುತ್ತಿದೆ, ಇರಲಿ. ಆ ರಾಜನ್ ಪಾತ್ರ ಶಿವಾಜಿ ಗಣೇಶನ್ ಅವರದು, ಚಿತ್ರದ ಶುರುವಿನಲ್ಲೇ ಹೆಣ. ತಮ್ಮ, ತಮ್ಮನ ಹೆಂಡತಿ, ನೆರೆಮನೆಯವನು, ಒಬ್ಬ ನಾಟ್ಯದ ಹುಡುಗಿ, ಹೆಂಡತಿ ಉಷಾ, ಎಲ್ಲರ ಮೇಲೂ ಅನುಮಾನ. ಒಬ್ಬೊಬ್ಬರ ಬಾಯಲ್ಲೂ ಒಂದೊಂದು ಕಥೆ, ಒಬ್ಬೊಬ್ಬ ರಾಜನ್.

ಆ ಉಷಾ ನಮ್ಮ ಪಂಡರಿಬಾಯಿ. ಎಪ್ಪತ್ತು ವರ್ಷ ಹಳೆಯ ಚಿತ್ರ, ಗುಟ್ಟು ಬಿಟ್ಟುಕೊಟ್ಟರೆ ಬೈಯಬೇಡಿ. ಉಷಾ ಓದಿದ ಹೆಣ್ಣು, ದೇಶಕ್ಕಾಗಿ ಮಿಡಿಯುವವಳು. ಗಂಡ ದೇಶದ ಗುಟ್ಟನ್ನು ಶತ್ರುವಿಗೆ ಮಾರುತ್ತಿದ್ದಾನೆ ಅಂತ ಅವಳಿಗೆ ಗೊತ್ತಾಗುತ್ತದೆ. ಬೇಡಿಕೊಳ್ಳುತ್ತಾಳೆ, ಅವನು ಕೇಳುವುದಿಲ್ಲ. ಕೊನೆಗೆ ಗುಂಡು ಹಾರುವುದು ಅವಳ ಕೈಯಲ್ಲಿದ್ದ ಪಿಸ್ತೂಲಿನಿಂದಲೇ. ಆ ದೃಶ್ಯದಲ್ಲಿ ಪಂಡರಿಬಾಯಿಯವರ ಮುಖ ನೋಡಬೇಕು. ಕೈ ಮುಂದೆ ಚಾಚಿದೆ, ಕಣ್ಣು ಮಾತ್ರ ಬೇಡ ಬೇಡ ಅನ್ನುತ್ತಿದೆ. ಅವಳು ವೀರನಾರಿಯಲ್ಲ. ಗಂಡನನ್ನು ಪ್ರೀತಿಸುವ ಒಬ್ಬ ಹೆಂಡತಿ, ಅಷ್ಟೇ. ಅದಕ್ಕೇ ಅವಳು ನಡುಗುವುದು ನೋಡಿದರೆ ನಮಗೂ ನಡುಕ ಬರುತ್ತದೆ.

ಈ ಎರಡು ಪಾತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಬೇಸಿಗೆಯಲ್ಲಿ ಒಂದು ಕಡೆ ಬೇಡನ ಹೆಂಡತಿ, ಗಂಡನ ಭಕ್ತಿಯ ಹಿಂದೆ ನಡೆಯುವವಳು. ಇನ್ನೊಂದು ಕಡೆ ದೇಶದ್ರೋಹಿಯ ಹೆಂಡತಿ, ಗಂಡನನ್ನು ತಡೆಯುವವಳು. ಎರಡೂ ಚಿತ್ರಕ್ಕೆ ಆ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅರ್ಹತಾ ಪತ್ರ ಸಿಕ್ಕಿತು. ಆದರೂ 'ಬೇಡರ ಕಣ್ಣಪ್ಪ' ಅಂದರೆ ರಾಜ್‌ಕುಮಾರ್, 'ಅಂದ ನಾಳ್' ಅಂದರೆ ಶಿವಾಜಿ. ನಮ್ಮ ನೆನಪು ಹಾಗೇ ಕೆಲಸ ಮಾಡುತ್ತದೆ.

ನಟಿಸಿ ಸಂಬಳ ಪಡೆದು ಸುಮ್ಮನಾದವರೂ ಅಲ್ಲ ಆಕೆ. ವಿಠಲನ ಭಕ್ತೆಯ ಕಥೆ 'ಸಂತ ಸಖು'ವಿಗೆ ತಾವೇ ಬಂಡವಾಳ ಹಾಕಿದರು. 1957ರಲ್ಲಿ 'ರಾಯರ ಸೊಸೆ' ಮಾಡಿದರು. ವರದಕ್ಷಿಣೆಯ ಪಿಡುಗನ್ನು ಎತ್ತಿಕೊಂಡ ಚಿತ್ರ ಅದು. ಕನ್ನಡದಲ್ಲಿ ಪುರಾಣದ ಕಥೆಗೆ ಜನ ಬರುತ್ತಾರೆ ಅನ್ನುವ ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲಿ ಮನೆಯೊಳಗಿನ ಜಗಳ, ಅತ್ತೆಮನೆಯ ಲೆಕ್ಕಾಚಾರ ಇಟ್ಟುಕೊಂಡು ಸಿನಿಮಾ ಮಾಡುವುದು ಸಣ್ಣ ಧೈರ್ಯವಲ್ಲ. ಅದರಲ್ಲೂ ರಾಜ್‌ಕುಮಾರ್ ಇದ್ದರು. ತಂಗಿ ಮೈನಾವತಿಯೂ ಇದ್ದರು. ಮೈನಾವತಿಯವರನ್ನು ಸಿನಿಮಾಕ್ಕೆ ತಂದು ನಿಲ್ಲಿಸಿದ್ದರಲ್ಲಿ ಅಕ್ಕನ ಪಾಲು ದೊಡ್ಡದು. 'ಅಬ್ಬಾ ಆ ಹುಡುಗಿ'ಯ ಆ ಗಂಡುಬೀರಿ ತಂಗಿ, ಈ ಸೌಮ್ಯ ಅಕ್ಕ ಒಂದೇ ಮನೆಯವರು ಅಂದರೆ ನಗು ಬರುತ್ತದೆ.

ಈಗ ಅಮ್ಮನ ವಿಷಯ.

ಶಿವಾಜಿ ಹುಟ್ಟಿದ್ದು 1928ರಲ್ಲಿ, ರಾಜ್‌ಕುಮಾರ್ 1929ರಲ್ಲಿ. ಪಂಡರಿಬಾಯಿಯವರೂ ಅದೇ ಓರಗೆಯವರು. 1965ರಲ್ಲಿ 'ಸತ್ಯ ಹರಿಶ್ಚಂದ್ರ' ಬಂದಾಗ ಆಕೆ ಇನ್ನೂ ರಾಜ್‌ಕುಮಾರ್ ಅವರ ಹೆಂಡತಿ, ಚಂದ್ರಮತಿ. ಹಾವು ಕಚ್ಚಿ ಸತ್ತ ಮಗ ಲೋಹಿತಾಶ್ವನನ್ನು ಹೊತ್ತು ಸುಡುಗಾಡಿಗೆ ಬರುತ್ತಾಳಲ್ಲ, ಕಾವಲಿಗೆ ನಿಂತ ಗಂಡ ಸುಂಕ ಕೇಳುತ್ತಾನಲ್ಲ, ಆ ಭಾಗವನ್ನು ನಾಟಕದವರು ಗಂಟೆಗಟ್ಟಲೆ ಅತ್ತು ಆಡುತ್ತಿದ್ದರು. ಪಂಡರಿಬಾಯಿ ಅಲ್ಲೂ ಅಳುತ್ತಾರೆ. ಆದರೆ ಸುಂಕ ಕೊಡಲು ಕಾಸಿಲ್ಲ ಅಂತ ಹೇಳುವಾಗ ಅಳುವುದನ್ನು ನಿಲ್ಲಿಸುತ್ತಾರೆ. ಬಡವರು ಸಾಲ ಕೊಟ್ಟವನ ಮುಂದೆ ನಿಂತಾಗ ಬರುವ ದನಿ ಇರುತ್ತದಲ್ಲ, ಆ ದನಿ ಅದು. ರಾಣಿಯೊಬ್ಬಳ ಬಾಯಲ್ಲಿ ಆ ದನಿ ಕೇಳುವುದೇ ಹೆಚ್ಚು ನೋವು.

ಅದಾದ ಎರಡೇ ವರ್ಷಕ್ಕೆ, 1967ರಲ್ಲಿ ಪುಟ್ಟಣ್ಣನವರ 'ಬೆಳ್ಳಿಮೋಡ'. ಕಲ್ಪನಾ ನಾಯಕಿ, ಪಂಡರಿಬಾಯಿ ಆಕೆಯ ತಾಯಿ, ಅಶ್ವತ್ಥ್ ತಂದೆ. ಎಸ್ಟೇಟಿಗೆ ಒಬ್ಬಳೇ ಮಗಳು ಅಂತ ನಿಶ್ಚಯವಾದ ಮದುವೆ, ಆ ತಾಯಿ ತಡವಾಗಿ ಗಂಡುಮಗು ಹೆತ್ತದ್ದರಿಂದ ಮುರಿದುಬೀಳುತ್ತದೆ. ಮದುವೆ ವಯಸ್ಸಿನ ಮಗಳನ್ನು ಎದುರಿಗಿಟ್ಟುಕೊಂಡು ಬಸುರಿಯಾದ ತಾಯಿಯ ನಾಚಿಕೆ, ಸಂತೋಷ, ಎರಡನ್ನೂ ಒಟ್ಟಿಗೆ ತೋರಿಸಬೇಕು. ಕಷ್ಟದ ಪಾತ್ರ. ಆಕೆಗೆ ಆಗಿನ್ನೂ ನಲವತ್ತೂ ತುಂಬಿರಲಿಲ್ಲ. ಅಲ್ಲಿಂದ ಅಶ್ವತ್ಥ್ ಮತ್ತು ಪಂಡರಿಬಾಯಿ ಅಂದರೆ ಕನ್ನಡಕ್ಕೆಲ್ಲ ಅಪ್ಪ ಅಮ್ಮ.

ತಮಿಳಿನಲ್ಲಿ ಇನ್ನೂ ವಿಚಿತ್ರ. 1968ರ 'ಕುಡಿಯಿರುಂದ ಕೋಯಿಲ್'ನಲ್ಲಿ ಆಕೆ ಎಂ.ಜಿ.ಆರ್. ಅವರ ತಾಯಿ. ಎಂ.ಜಿ.ಆರ್. ಹುಟ್ಟಿದ್ದು 1917ರಲ್ಲಿ. ಮಗನೇ ತಾಯಿಗಿಂತ ಹತ್ತು ವರ್ಷಕ್ಕೂ ಜಾಸ್ತಿ ದೊಡ್ಡವನು! 1973ರ 'ಗೌರವಂ'ನಲ್ಲಿ ಶಿವಾಜಿಗೆ ಎರಡು ಪಾತ್ರ. ದೊಡ್ಡವನಿಗೆ ಪಂಡರಿಬಾಯಿ ಹೆಂಡತಿ, ಚಿಕ್ಕವನಿಗೆ ಸಾಕುತಾಯಿ. ಒಂದೇ ಚಿತ್ರದಲ್ಲಿ ಒಬ್ಬನೇ ನಟನಿಗೆ ಹೆಂಡತಿಯೂ ಹೌದು, ತಾಯಿಯೂ ಹೌದು. ಅದನ್ನು ನೋಡಿ ಯಾರೂ ನಗಲಿಲ್ಲ ಅನ್ನುವುದೇ ಆಕೆಯ ಕೆಲಸಕ್ಕೆ ಸಿಕ್ಕ ಸರ್ಟಿಫಿಕೇಟು.

ನಾಯಕರಿಗೆ ವಯಸ್ಸೇ ಆಗುವುದಿಲ್ಲ, ನಾಯಕಿಯರಿಗೆ ಮಾತ್ರ ಬೇಗ ಆಗಿಬಿಡುತ್ತದೆ. ಈ ರೂಢಿ ನನಗೆ ಸರಿ ಕಾಣುವುದಿಲ್ಲ. ಆದರೆ ಪಾಪ ಪಂಡರಿಬಾಯಿ ಅಂತ ಮರುಗಲೂ ಮನಸ್ಸು ಬರುವುದಿಲ್ಲ. ನಾಯಕಿಯಾಗಿದ್ದರೆ ಹದಿನೈದು ವರ್ಷಕ್ಕೆ ಮುಗಿಯುತ್ತಿದ್ದ ವೃತ್ತಿಯನ್ನು ಆಕೆ ಐವತ್ತು ವರ್ಷ ನಡೆಸಿದರು.

1986ರಲ್ಲಿ 'ಅನುರಾಗ ಅರಳಿತು' ಬಂತು. ಕಾರ್ಖಾನೆಯ ಮೆಕ್ಯಾನಿಕ್ ಶಂಕರನಾಗಿ ರಾಜ್‌ಕುಮಾರ್, ಅವನ ತಾಯಿಯಾಗಿ ಪಂಡರಿಬಾಯಿ. ದಿಣ್ಣನ ನೀಲ ಮೂವತ್ತೆರಡು ವರ್ಷದ ಮೇಲೆ ಅವನ ಅಮ್ಮ. ಅದೇ ಕಥೆ 1992ರಲ್ಲಿ ತಮಿಳಿನಲ್ಲಿ 'ಮನ್ನನ್' ಆದಾಗ ನಾಯಕ ಬದಲಾದ, ನಾಯಕಿ ಬದಲಾದಳು. ತಾಯಿ ಮಾತ್ರ ಅದೇ ಪಂಡರಿಬಾಯಿ. ರಜನಿಕಾಂತ್ ಆಕೆಯನ್ನು ಎತ್ತಿಕೊಂಡು ನಡೆಯುವ, ಯೇಸುದಾಸ್ ದನಿಯ ಅಮ್ಮನ ಹಾಡು ಇವತ್ತಿಗೂ ತಾಯಂದಿರ ದಿನ ಬಂದರೆ ತಮಿಳುನಾಡಿನಲ್ಲಿ ಎಲ್ಲ ಕಡೆ ಕೇಳಿಸುತ್ತದೆ.

ಕೊನೆಯ ವರ್ಷಗಳು ಸುಲಭವಾಗಿರಲಿಲ್ಲ. ರಸ್ತೆ ಅಪಘಾತವೊಂದರಲ್ಲಿ ಕೈ ಕಳೆದುಕೊಂಡರು. 2003ರ ಜನವರಿ 29ರಂದು ಚೆನ್ನೈಯಲ್ಲಿ ತೀರಿಕೊಂಡರು.

ಈ ಭಾನುವಾರ ಬಿಡುವಿದ್ದರೆ 'ಅಂದ ನಾಳ್' ಹುಡುಕಿ ನೋಡಿ. ತಮಿಳು ಬಾರದಿದ್ದರೂ ತೊಂದರೆಯಿಲ್ಲ, ಕಥೆ ನಾನೇ ಹೇಳಿಬಿಟ್ಟಿದ್ದೇನಲ್ಲ. ಶಿವಾಜಿಯನ್ನು ಆಮೇಲೆ ಬೇಕಾದರೆ ನೋಡೋಣ, ಮೊದಲ ಸಲ ಉಷಾಳನ್ನು ಮಾತ್ರ ನೋಡಿ. ನಮಸ್ಕಾರ.