ಖಾಕಿ ತಂಡದ ಕಾಲ: ಹೈದರಾಬಾದ್ ಸಿಟಿ ಪೊಲೀಸ್ ಫುಟ್‌ಬಾಲ್

ಎಲ್ಲರಿಗೂ ನಮಸ್ಕಾರ.

1950ರಿಂದ 1954ರವರೆಗೆ ಸತತ ಐದು ವರ್ಷ ಬಾಂಬೆಯ ರೋವರ್ಸ್ ಕಪ್ ಒಂದೇ ಊರಿಗೆ ಹೋಯಿತು. ಕಲ್ಕತ್ತಕ್ಕೆ ಅಂತ ನೀವು ಊಹಿಸಬಹುದು. ಅಲ್ಲ. ಹೈದರಾಬಾದಿಗೆ. ಗೆದ್ದ ತಂಡದ ಹೆಸರು ಹೈದರಾಬಾದ್ ಸಿಟಿ ಪೊಲೀಸ್. ಐದು ಸಲ ಬೆನ್ನುಬೆನ್ನಿಗೆ ಈ ಕಪ್ ಎತ್ತಿದವರು ಬೇರೆ ಯಾರೂ ಇಲ್ಲ.

ಆಗಿನ ಹೈದರಾಬಾದ್ ಅಂದರೆ ನಮಗೂ ದೂರದ್ದಲ್ಲ. ಬೀದರ್, ಕಲಬುರಗಿ, ರಾಯಚೂರು ಎಲ್ಲ 1956ರವರೆಗೆ ಅದೇ ರಾಜ್ಯದಲ್ಲಿದ್ದವು. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತೆ. ಬ್ರಿಟಿಷ್ ಸೈನ್ಯದ ತಂಡಗಳದ್ದೇ ದರ್ಬಾರು ನಡೆಯುತ್ತಿದ್ದ ಈ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಅದು 1937ರಲ್ಲಿ. ದಕ್ಷಿಣದವರಿಗೆ ಫುಟ್‌ಬಾಲ್ ಗೊತ್ತಿಲ್ಲ ಅನ್ನೋರಿಗೆ ಇಷ್ಟು ಸಾಕು.

ಈಗ ಪೊಲೀಸರ ವಿಷಯಕ್ಕೆ ಬರೋಣ. ಆ ಕಾಲದಲ್ಲಿ ನಮ್ಮ ದೇಶದ ಫುಟ್‌ಬಾಲ್ ಪೂರ್ತಿ ಹವ್ಯಾಸಿ ಆಟ. ಕಾಗದದ ಮೇಲಾದರೂ ಹಾಗೆ. ಆಡಿದ್ದಕ್ಕೆ ಸಂಬಳ ಅನ್ನೋದು ಇರಲಿಲ್ಲ. ಕಲ್ಕತ್ತದ ದೊಡ್ಡ ಕ್ಲಬ್ಬುಗಳು ಹೊರಗಿನ ಆಟಗಾರರನ್ನು ಕರೆಸಿಕೊಂಡು ಒಂದಲ್ಲ ಒಂದು ರೀತಿ ನೋಡಿಕೊಳ್ಳುತ್ತಿದ್ದವು, ಅದು ಬೇರೆ ಮಾತು. ಪೊಲೀಸ್ ತಂಡದ ಹತ್ತಿರ ಇದ್ದದ್ದು ಒಂದೇ ವಸ್ತು: ಸರ್ಕಾರಿ ನೌಕರಿ. ತಿಂಗಳಿಗೆ ಸಂಬಳ, ಕೊನೆಗೆ ಪೆನ್ಶನ್. ಬಡವರ ಮನೆಯ ಹುಡುಗನಿಗೆ ಇದು ಯಾವ ಕಪ್ಪಿಗಿಂತಲೂ ದೊಡ್ಡದು, ಅಲ್ವಾ? ನನ್ನ ಪ್ರಕಾರ ಈ ಕಥೆಯ ತಿರುಳು ಇರುವುದು ಆ ನೌಕರಿಯಲ್ಲೇ. ತಂಡವನ್ನು ಕಟ್ಟಿದ್ದೂ ಅದೇ, ಮುಂದೆ ತಂಡ ಹಿಂದೆ ಬೀಳೋದಕ್ಕೆ ಕಾರಣವಾದದ್ದೂ ಅದೇ.

ತಮಾಷೆ ಅಂದರೆ ಈ ತಂಡವನ್ನು ಬೆಳೆಸಿದ ಮನುಷ್ಯ ಪೊಲೀಸ್ ಅಲ್ಲ, ಶಾಲೆಯ ಮೇಷ್ಟ್ರು. ಸೈಯದ್ ಅಬ್ದುಲ್ ರಹೀಮ್. 1909ರಲ್ಲಿ ಹುಟ್ಟಿದವರು, ಉಸ್ಮಾನಿಯಾದಲ್ಲಿ ಓದಿದವರು. ಎಲ್ಲರೂ ಅವರನ್ನು ರಹೀಮ್ ಸಾಬ್ ಅನ್ನುತ್ತಿದ್ದರು. 1950ರಲ್ಲಿ ಸಿಟಿ ಪೊಲೀಸ್ ತಂಡದ ಕೋಚ್ ಆದರು. 1963ರಲ್ಲಿ ತೀರಿಕೊಳ್ಳುವವರೆಗೂ ಆ ತಂಡದ ಕೈ ಬಿಡಲಿಲ್ಲ.

ರಹೀಮ್ ಏನು ಮಾಡಿದರು ಅನ್ನೋದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಮ್ಮಲ್ಲಿ ಆಗ ಒಳ್ಳೆ ಆಟಗಾರ ಅಂದರೆ ಡ್ರಿಬಲ್ ಮಾಡುವವನು. ಒಬ್ಬನನ್ನು ದಾಟಿ, ಇಬ್ಬರನ್ನು ದಾಟಿ, ಮೂರನೆಯವನ ಹತ್ತಿರ ಚೆಂಡು ಕಳೆದುಕೊಂಡರೂ ಜನ ಚಪ್ಪಾಳೆ ತಟ್ಟುತ್ತಿದ್ದರು. ರಹೀಮ್‌ಗೆ ಇದು ಹಿಡಿಸಲಿಲ್ಲ. ಅವರು ಹೈದರಾಬಾದಿನಲ್ಲಿ ಡ್ರಿಬಲ್ ಮಾಡಲೇಬಾರದು ಅನ್ನೋ ನಿಯಮದ ಪಂದ್ಯಾವಳಿಗಳನ್ನು ನಡೆಸಿದರು. ಯೋಚಿಸಿ ನೋಡಿ. ಚೆಂಡು ಕಾಲಿಗೆ ಬಂತು, ಅದನ್ನು ತಗೊಂಡು ಓಡುವ ಹಾಗಿಲ್ಲ. ಅಂದರೆ ಚೆಂಡು ಬರುವ ಮೊದಲೇ ತಲೆ ಎತ್ತಿ ನೋಡಿರಬೇಕು, ಯಾರಿಗೆ ಕೊಡೋದು ಅಂತ ಗೊತ್ತಿರಬೇಕು. ಚೆಂಡಿಲ್ಲದ ಉಳಿದವರೂ ನಿಂತಲ್ಲೇ ನಿಲ್ಲುವ ಹಾಗಿಲ್ಲ, ಪಾಸ್ ಸಿಗುವ ಜಾಗಕ್ಕೆ ಓಡಲೇಬೇಕು. ಒಂದು ನಿಯಮ ಬದಲಾಯಿಸಿ ಇಡೀ ತಂಡವನ್ನು ಓಡಿಸಿಬಿಟ್ಟರು.

ಅಷ್ಟೇ ಅಲ್ಲ, ವಾಡಿಕೆಯಲ್ಲದ ಕಾಲಿನಲ್ಲೇ ಆಡಬೇಕು ಅನ್ನೋ ಪಂದ್ಯಾವಳಿಯನ್ನೂ ಮಾಡಿದರು. ಬಲಗಾಲಿನವನು ಎಡಗಾಲಲ್ಲೇ ಒದೆಯಬೇಕು. ನೋಡೋರಿಗೆ ನಗು ಬಂದಿರಬೇಕು. ಆದರೆ ಎರಡೂ ಕಾಲಿನಲ್ಲಿ ಪಾಸ್ ಕೊಡಬಲ್ಲ ಹುಡುಗನನ್ನು ಎದುರಾಳಿ ಒಂದು ಕಡೆಗೆ ತಳ್ಳಿ ಕಟ್ಟಿಹಾಕೋದು ಕಷ್ಟ. ಮೇಷ್ಟ್ರ ಬುದ್ಧಿ ಇದು. ಬೈದು ಕಲಿಸೋದಕ್ಕಿಂತ ಆಟದ ನಿಯಮದಿಂದಲೇ ಕಲಿಸೋದು.

ಇಲ್ಲಿ ನೌಕರಿ ಹೇಗೆ ಕೆಲಸಕ್ಕೆ ಬಂತು? ಇಂಥ ಆಟ ಒಂದು ತಿಂಗಳಲ್ಲಿ ಬರುವುದಿಲ್ಲ. ಅದೇ ಹುಡುಗರು ವರ್ಷಗಟ್ಟಲೆ ಒಟ್ಟಿಗೆ ಇರಬೇಕು. ಇಲಾಖೆಗೆ ಸೇರಿದವನು ಸುಮ್ನೆ ಬಿಟ್ಟು ಹೋಗೋದಿಲ್ಲ. ನೂರ್ ಮೊಹಮ್ಮದ್, ಅಜೀಜುದ್ದೀನ್, ಮೊಯಿನುದ್ದೀನ್ ಥರದವರು ಒಟ್ಟೊಟ್ಟಿಗೆ ಆಡುತ್ತಾ ಬೆಳೆದರು. ಪೊಲೀಸರ ಶಿಸ್ತು, ದೈಹಿಕ ಕಸರತ್ತು ಹೇಗೂ ಇದ್ದವು. ಅದರ ಮೇಲೆ ರಹೀಮ್ ಪಾಸಿಂಗ್ ಕೂರಿಸಿದರು.

1950ರ ಡುರಾಂಡ್ ಕಪ್ ಒಂದನ್ನು ಹೇಳಲೇಬೇಕು. ಸ್ವಾತಂತ್ರ್ಯ ಬಂದ ಮೇಲೆ ನಡೆದ ಮೊದಲ ಡುರಾಂಡ್ ಅದು. ಯುದ್ಧದ ಕಾರಣಕ್ಕೆ 1940ರ ನಂತರ ನಿಂತುಹೋಗಿತ್ತು. ದೆಹಲಿಯಲ್ಲಿ ಫೈನಲ್, ಎದುರಿಗೆ ಕಲ್ಕತ್ತದ ಮೋಹನ್ ಬಾಗಾನ್. ಮೊದಲ ಪಂದ್ಯ 2–2 ಸಮ. ಮರುಪಂದ್ಯದಲ್ಲಿ ಪೊಲೀಸರು 1–0. ಒಂದೇ ವರ್ಷ ರೋವರ್ಸೂ ಬಂತು, ಡುರಾಂಡೂ ಬಂತು. ಆಮೇಲೆ 1954 ಮತ್ತು 1957ರಲ್ಲೂ ಡುರಾಂಡ್ ಗೆದ್ದರು. 1961ರಲ್ಲಿ ಮತ್ತೆ ಮೋಹನ್ ಬಾಗಾನ್‌ನ ಸೋಲಿಸಿ ಗೆದ್ದಾಗ ತಂಡದ ಹೆಸರು ಆಂಧ್ರಪ್ರದೇಶ ಪೊಲೀಸ್ ಅಂತಾಗಿತ್ತು. ರಾಜ್ಯವೇ ಬದಲಾದ ಮೇಲೆ ತಂಡದ ಹೆಸರು ಬದಲಾಗದೆ ಇರುತ್ತಾ?

ಈ ಆಟದ ರುಚಿ ದೇಶಕ್ಕೂ ಸಿಕ್ಕಿತು. ರಹೀಮ್ ಭಾರತ ತಂಡಕ್ಕೂ ಕೋಚ್. 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10–1 ಸೋಲು. ಆ ಚಳಿಯಲ್ಲಿ ನಮ್ಮವರಲ್ಲಿ ಸುಮಾರು ಜನ ಬರಿಗಾಲಲ್ಲಿ ಆಡಿದ್ದರು. ಬೂಟು ಕಡ್ಡಾಯವಾದದ್ದು ಅದರ ನಂತರವೇ. ನಾಲ್ಕು ವರ್ಷ ಕಳೆದು ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಇದೇ ಭಾರತ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ಸೇರಿತು, ನಾಲ್ಕನೇ ಸ್ಥಾನ ಪಡೆಯಿತು. ಆ ತಂಡದಲ್ಲಿ ಹೈದರಾಬಾದಿನವರು ಬಹಳ ಜನ ಇದ್ದರು. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಮತ್ತೆ ಚಿನ್ನ. ಆಗಲೇ ರಹೀಮ್‌ಗೆ ಕ್ಯಾನ್ಸರ್. ಮರುವರ್ಷ ಜೂನ್‌ನಲ್ಲಿ ಹೋಗಿಬಿಟ್ಟರು.

ಅವರು ಹೋದ ಮೇಲೆ ತಂಡ ಮೊದಲಿನ ಹಾಗೆ ಉಳಿಯಲಿಲ್ಲ. ಎಲ್ಲವನ್ನೂ ಅವರ ಸಾವಿನ ಮೇಲೆ ಹೊರಿಸೋದು ಸುಲಭ, ಆದರೆ ಪೂರ್ತಿ ನಿಜ ಅಲ್ಲ. ಕಲ್ಕತ್ತದ ಸೆಳೆತ ಮೊದಲೇ ಶುರುವಾಗಿತ್ತು. ತುಳಸೀದಾಸ್ ಬಲರಾಮ್ ಸಿಟಿ ಪೊಲೀಸ್‌ನಲ್ಲಿ ಆಡಿ ಈಸ್ಟ್ ಬೆಂಗಾಲ್‌ಗೆ ಹೋದವರು. ಒಂದು ಕಡೆ ಖಾಕಿ ಮತ್ತು ಡ್ಯೂಟಿ, ಇನ್ನೊಂದು ಕಡೆ ತುಂಬಿದ ಮೈದಾನ ಮತ್ತು ಹೆಸರು. ಇಪ್ಪತ್ತು ವರ್ಷದ ಹುಡುಗ ಯಾವುದನ್ನು ಆರಿಸಿಕೊಳ್ಳುತ್ತಾನೆ ಹೇಳಿ. ಅವನನ್ನು ತಪ್ಪು ಅನ್ನೋಕೆ ನನಗೆ ಮನಸ್ಸಿಲ್ಲ.

ಇದೇ ಕಥೆ ಇನ್ನೊಮ್ಮೆ ಕೇರಳದಲ್ಲಿ ನಡೆಯಿತು. 1984ರಲ್ಲಿ ಕೇರಳ ಪೊಲೀಸ್ ತಂಡ ಹುಟ್ಟಿತು. ಕ್ರೀಡಾ ಕೋಟಾದಲ್ಲಿ ಒಳ್ಳೊಳ್ಳೆ ಹುಡುಗರನ್ನು ಸೇರಿಸಿಕೊಂಡರು: ವಿ.ಪಿ. ಸತ್ಯನ್, ಶರಫ್ ಅಲಿ, ಪಾಪ್ಪಚ್ಚನ್, ಆಮೇಲೆ ಐ.ಎಂ. ವಿಜಯನ್. 1990ರಲ್ಲಿ ತ್ರಿಶೂರಿನಲ್ಲಿ ಗೋವಾದ ಸಾಲ್ಗಾಂವ್ಕರ್‌ನ ಸೋಲಿಸಿ ಫೆಡರೇಶನ್ ಕಪ್ ಗೆದ್ದರು. ಕೇರಳದ ತಂಡವೊಂದು ಆ ಕಪ್ ಗೆದ್ದದ್ದು ಅದೇ ಮೊದಲು. ಮರುವರ್ಷ ಕಣ್ಣೂರಿನಲ್ಲಿ ಮತ್ತೆ ಗೆದ್ದರು. ಅದಾದ ಮೇಲೆ ಸತ್ಯನ್, ವಿಜಯನ್ ಇಬ್ಬರೂ ಕಲ್ಕತ್ತದ ದಾರಿ ಹಿಡಿದರು. ಹೈದರಾಬಾದಿನ ಹಳೇ ಕಥೆಯೇ.

ಆದರೆ ಆಟಗಾರರು ಹೋದದ್ದಕ್ಕಿಂತ ಜಾಸ್ತಿ ಹೊಡೆತ ಕೊಟ್ಟದ್ದು ಕ್ಯಾಲೆಂಡರ್. ಇದನ್ನು ಯಾರೂ ಹೆಚ್ಚು ಮಾತಾಡೋದಿಲ್ಲ. ರೋವರ್ಸ್, ಡುರಾಂಡ್, ಫೆಡರೇಶನ್ ಕಪ್ ಎಲ್ಲ ಕೆಲವೇ ವಾರಗಳ ಪಂದ್ಯಾವಳಿ. ಅಷ್ಟು ದಿನ ಹದಿನೈದು, ಇಪ್ಪತ್ತು ಜನರನ್ನು ಬಂದೋಬಸ್ತ್‌ನಿಂದ ಬಿಡಿಸಿ ಕಳಿಸೋದು ಇಲಾಖೆಗೆ ಕಷ್ಟ ಅಲ್ಲ. 1996ರಲ್ಲಿ ರಾಷ್ಟ್ರೀಯ ಲೀಗ್ ಶುರುವಾಯಿತು. ತವರಲ್ಲೊಂದು, ಹೊರಗೊಂದು, ತಿಂಗಳುಗಟ್ಟಲೆ ಪ್ರಯಾಣ. ಆಮೇಲೆ ಕ್ಲಬ್ ಅಂದರೆ ಪ್ರತ್ಯೇಕ ಸಂಸ್ಥೆಯಾಗಿರಬೇಕು, ಆಟಗಾರರ ಜೊತೆ ಕರಾರು ಇರಬೇಕು ಅನ್ನೋ ವೃತ್ತಿಪರ ನಿಯಮಗಳು ಬಂದವು. ಠಾಣೆಗೆ ಸೇರಿದ ಆಟಗಾರನಿಗೆ ಎಂಥ ಕರಾರು? ಪೊಲೀಸ್ ತಂಡಗಳು ಮೇಲಿನ ಮಟ್ಟದಿಂದ ಸರಿದು ರಾಜ್ಯದ ಪಂದ್ಯಗಳಿಗೆ, ಪೊಲೀಸರ ಪೊಲೀಸರ ನಡುವಿನ ಪಂದ್ಯಗಳಿಗೆ ಬಂದು ನಿಂತವು. ಬಿ.ಎನ್. ಮಲ್ಲಿಕ್ ಹೆಸರಿನ ಅಖಿಲ ಭಾರತ ಪೊಲೀಸ್ ಫುಟ್‌ಬಾಲ್ ಚಾಂಪಿಯನ್‌ಶಿಪ್ ಈಗಲೂ ಇದೆ. ಆದರೆ ಅದರ ಫಲಿತಾಂಶ ಪೇಪರ್‌ನಲ್ಲಿ ಹುಡುಕಿದರೆ ಮೂಲೆಯಲ್ಲೆಲ್ಲೋ ಸಿಕ್ಕೀತು.

ಕ್ಲಬ್ ಕರಾರು ಮುಗಿದರೆ ಆಟಗಾರ ಮನೆಗೆ. ಇಲಾಖೆಯ ಲೆಕ್ಕ ಬೇರೆ. ತ್ರಿಶೂರಿನ ಸ್ಟೇಡಿಯಂನಲ್ಲಿ ಸೋಡಾ ಮಾರುತ್ತಿದ್ದ ಹುಡುಗ ವಿಜಯನ್ ಕಲ್ಕತ್ತ, ಪಂಜಾಬ್, ಗೋವಾ ಎಲ್ಲ ಸುತ್ತಿ, ಭಾರತಕ್ಕೆ ಆಡಿ, ಕೊನೆಗೆ ಮತ್ತೆ ಕೇರಳ ಪೊಲೀಸ್‌ಗೇ ಬಂದರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಮಲಬಾರ್ ಸ್ಪೆಷಲ್ ಪೊಲೀಸ್‌ನ ಡೆಪ್ಯುಟಿ ಕಮಾಂಡೆಂಟ್ ಆಗಿ ನಿವೃತ್ತರಾದರು.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.