ಹಿಂದೆ ಅಂದ್ಯಾ, ಮುಂದೆ ಅಂದ್ಯಾ?

ಕೇಳುಗರಿಗೆಲ್ಲ ನಮಸ್ಕಾರ.

ಶನಿವಾರ ರಾತ್ರಿ ಹತ್ತರ ಮೇಲೆ ನಾನೂ ನನ್ನ ತಮ್ಮನೂ ವ್ಯಾಲೊರಂಟ್ ಅನ್ನೋ ಬಂದೂಕಿನ ಕಾಳಗದ ಆನ್‌ಲೈನ್ ಆಟ ಆಡುತ್ತೇವೆ. ನಾನು ಬೆಂಗಳೂರಲ್ಲಿ, ಅವನು ದಾವಣಗೆರೆಯಲ್ಲಿ. ಕೆಲಸ, ಮನೆ, ಮಕ್ಕಳು ಅಂತ ವಾರವೆಲ್ಲ ಹೇಗೋ ಓಡಿಹೋಗುತ್ತದೆ, ಫೋನು ಮಾಡಿದರೆ ಎರಡು ನಿಮಿಷಕ್ಕೆ ಮಾತು ಮುಗಿಯುತ್ತದೆ. ಆಟಕ್ಕೆ ಕೂತರೆ ಮಾತ್ರ ಎರಡು ಗಂಟೆ ಬಿಡದೆ ಮಾತಾಡುತ್ತೇವೆ. ಅಮ್ಮನ ಮಂಡಿನೋವಿನಿಂದ ಹಿಡಿದು ಹೊಲದ ಬೋರ್‌ವೆಲ್‌ವರೆಗೆ ಎಲ್ಲ ಸುದ್ದಿ ಅಲ್ಲೇ ಬರುತ್ತದೆ. ಈ ಮಾತೆಲ್ಲ ನಡೆಯುವುದು ತಲೆಗೆ ಹಾಕಿಕೊಳ್ಳುವ, ಮೈಕಿರುವ ಹೆಡ್‌ಸೆಟ್‌ನಲ್ಲಿ, ಅದಕ್ಕೇ ಅದರ ವಿಷಯ ನನಗೆ ಇಷ್ಟು ಮುಖ್ಯ.

ಹೋದ ವರ್ಷ ವೈರಿನ ಕಾಟ ಸಾಕು ಅಂತ ಒಂದು ವೈರ್‌ಲೆಸ್ ಗೇಮಿಂಗ್ ಹೆಡ್‌ಸೆಟ್ ತೆಗೆದುಕೊಂಡೆ. ಕಂಪನಿ ಹೆಸರು ಬೇಡ. ಮನೆಗೆ ತಂದು ಹಾಡು ಹಾಕಿ ಕೇಳಿದೆ, ತಬಲಾ ಸದ್ದು ಎದೆಗೇ ಬಡಿದಂತಿತ್ತು, ತುಂಬಾ ಖುಷಿಯಾಯಿತು. ಆ ಶನಿವಾರ ಆಟ ಶುರುವಾಗಿ ಐದು ನಿಮಿಷ ಆಗಿಲ್ಲ, ತಮ್ಮನ ಹಿಂದೆ ಯಾರೋ ಬಂದಿದ್ದು ಕಂಡು "ಹಿಂದೆ, ಹಿಂದೆ" ಅಂತ ಕೂಗಿದೆ. ಅವನು ತಿರುಗಲೇ ಇಲ್ಲ. ಔಟಾದ ಮೇಲೆ ಕೇಳಿದ: "ಅಕ್ಕ, ಹಿಂದೆ ಅಂದ್ಯಾ, ಮುಂದೆ ಅಂದ್ಯಾ?" ಅವನಿಗೆ ಕೇಳಿಸಿದ್ದು ಮಾತಿನ ಬಾಲ ಮಾತ್ರ, ಬರೀ "ದೆ" ಅಂತ.

ಯಾಕೆ ಹಾಗಾಯಿತು ಅಂತ ಹುಡುಕುತ್ತಾ ಹೋದೆ. ಈ ಹೆಡ್‌ಸೆಟ್‌ಗಳಲ್ಲಿ ಒಂದು ಏರ್ಪಾಡು ಇರುತ್ತದೆ. ನಾವು ಸುಮ್ಮನಿದ್ದಾಗ ನಮ್ಮ ಫ್ಯಾನಿನ ಸದ್ದು, ರಸ್ತೆಯ ಸದ್ದು ಆಚೆಯವರಿಗೆ ಹೋಗದಿರಲಿ ಅಂತ ಅದು ಮೈಕನ್ನು ಮುಚ್ಚಿಟ್ಟಿರುತ್ತದೆ. ಬಾಗಿಲು ಹಾಕಿಕೊಂಡು ಒಳಗೆ ಕೂತ ಕಾವಲುಗಾರನ ಥರ, ನಮ್ಮ ದನಿ ಬಂತು ಅಂದ ತಕ್ಷಣ ತೆಗೆಯಬೇಕು. ಚೂರು ತಡ ಮಾಡಿದರೆ ಮೊದಲ ಅಕ್ಷರ ಹೊರಗೇ ಉಳಿಯುತ್ತದೆ. "ಹ" ಅನ್ನೋದು ಬರೀ ಉಸಿರು, ಅದಕ್ಕೆ ಎಷ್ಟೋ ಸಲ ಬಾಗಿಲು ತೆಗೆಯುವುದೇ ಇಲ್ಲ. ನಮ್ಮ ಕನ್ನಡದಲ್ಲಿ ಹಿಂದೆ, ಮುಂದೆ ಎರಡಕ್ಕೂ ವ್ಯತ್ಯಾಸ ಇರುವುದೇ ಮೊದಲ ಅಕ್ಷರದಲ್ಲಿ, ಅಲ್ವಾ?

ನನಗೆ ಅವತ್ತು ಹೊಳೆದದ್ದು ಇಷ್ಟು. ಹೆಡ್‌ಸೆಟ್‌ನ ಅರ್ಧ ಭಾಗ ಕೊಂಡವರಿಗೆ ಅಲ್ಲ, ಅವರ ಮಾತು ಕೇಳುವವರಿಗೆ. ಆ ಅರ್ಧ ಹೇಗಿದೆ ಅಂತ ಕೊಂಡವರಿಗೆ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಅವರ ಮೈಕನ್ನು ಅವರು ಕೇಳುವುದೇ ಇಲ್ಲ. ಅಂಗಡಿಯಲ್ಲಿ ಎಲ್ಲರೂ ಬೇಸ್ ಎಷ್ಟಿದೆ ಅಂತ ನೋಡುತ್ತಾರೆ, ಡಬ್ಬದ ಮೇಲೆ 50 ಮಿಲಿಮೀಟರ್ ಡ್ರೈವರ್ ಅಂತ ದೊಡ್ಡದಾಗಿ ಬರೆದಿರುತ್ತಾರೆ, ಡ್ರೈವರ್ ಅಂದರೆ ಒಳಗಿನ ಪುಟ್ಟ ಸ್ಪೀಕರು. ಡ್ರೈವರ್ ದೊಡ್ಡದಾದ ಮಾತ್ರಕ್ಕೆ ಸದ್ದು ಚೆನ್ನಾಗಿರಬೇಕು ಅಂತೇನೂ ಇಲ್ಲ. ಮೈಕಿನ ಬಗ್ಗೆ ಒಂದು ಸಾಲು ಇದ್ದರೆ ಜಾಸ್ತಿ.

ವೈರ್‌ಲೆಸ್‌ನಲ್ಲಿ ಮೈಕು ಸೊರಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಬಾನುಲಿ ಕೇಳುವ ನಿಮಗೆ ಇದನ್ನು ಹೇಳುವುದು ಸುಲಭ. ಮೀಡಿಯಂ ವೇವ್‌ನಲ್ಲಿ ಬರುವ ಸದ್ದಿಗೂ ಎಫ್ಎಂನಲ್ಲಿ ಬರುವ ಸದ್ದಿಗೂ ಇರುವ ವ್ಯತ್ಯಾಸ ನಿಮಗೆ ಗೊತ್ತು. ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನೋ ಲೆಕ್ಕಕ್ಕೆ ಹರ್ಟ್ಸ್ ಅನ್ನುತ್ತಾರೆ, ಮನುಷ್ಯರ ಕಿವಿ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳಬಲ್ಲದು. ಎಫ್ಎಂ ಸುಮಾರು 15,000ದವರೆಗೆ ತಲುಪಿಸುತ್ತದೆ, ಮೀಡಿಯಂ ವೇವ್ ಐದು ಸಾವಿರ ದಾಟುವುದೇ ಕಷ್ಟ. ಹೆಡ್‌ಸೆಟ್‌ಗೂ ಗಾಳಿಯಲ್ಲಿ ಸಿಗುವ ಜಾಗಕ್ಕೆ ಹೀಗೇ ಒಂದು ಮಿತಿ ಇದೆ. ನಮ್ಮ ಕಿವಿಗೆ ಬರುವ ಆಟದ ಸದ್ದಿಗೆ ಅದರಲ್ಲಿ ಹೆಚ್ಚು ಪಾಲು ಕೊಟ್ಟು, ನಮ್ಮ ಮಾತಿಗೆ ಉಳಿದದ್ದನ್ನು ಕೊಡುತ್ತಾರೆ. ಎಷ್ಟೋ ಹೆಡ್‌ಸೆಟ್‌ಗಳಲ್ಲಿ ಮಾತು ಎಂಟು ಸಾವಿರ ಹರ್ಟ್ಸ್‌ಗೇ ನಿಂತುಬಿಡುತ್ತದೆ. ಆಗ ಮೊದಲು ಮಸುಕಾಗುವುದು "ಸ", "ಶ" ಇಂಥ ಅಕ್ಷರಗಳು. ಮಾತು ಅರ್ಥವಾಗುತ್ತದೆ, ಆದರೆ ಡಬ್ಬದೊಳಗಿಂದ ಬಂದಂತೆ ಇರುತ್ತದೆ.

ಬ್ಲೂಟೂತ್ ಆದರೆ ಇನ್ನೂ ಕಷ್ಟ. ಹಳೆಯ ಬಗೆಯ ಬ್ಲೂಟೂತ್‌ನಲ್ಲಿ ಹಾಡು ಕೇಳಲು ಒಂದು ದಾರಿ, ಮಾತಾಡಲು ಇನ್ನೊಂದು ದಾರಿ. ಕಂಪ್ಯೂಟರಿನಲ್ಲಿ ಮೈಕು ಆನ್ ಮಾಡಿದ ಕೂಡಲೇ ಅದು ಫೋನ್ ಕರೆಯ ದಾರಿಗೆ ಬದಲಾಗುತ್ತದೆ, ಆಟದ ಸದ್ದೂ ಅದೇ ಸಣ್ಣ ದಾರಿಯಲ್ಲೇ ಬರಬೇಕು. ಎಡ ಬಲ ಅನ್ನೋದೇ ಹೋಗಿ ಎರಡು ಕಿವಿಗೂ ಒಂದೇ ಸದ್ದು ಬರುತ್ತದೆ. ಹೆಡ್‌ಸೆಟ್ ಕೆಟ್ಟಿದೆ ಅಂತ ಎಷ್ಟೋ ಜನ ವಾಪಸ್ ಮಾಡುವುದು ಇದಕ್ಕೇ. ಎಲ್‌ಇ ಆಡಿಯೋ ಅನ್ನೋ ಹೊಸ ಬಗೆಯಲ್ಲಿ ಈ ತೊಂದರೆ ಕಡಿಮೆ, ಆದರೆ ಹೆಡ್‌ಸೆಟ್ಟೂ ಕಂಪ್ಯೂಟರೂ ಎರಡೂ ಅದನ್ನು ಬಲ್ಲವಾಗಿರಬೇಕು.

ಬ್ಲೂಟೂತ್‌ನಲ್ಲಿ ಸದ್ದು ತಡವಾಗಿಯೂ ಬರುತ್ತದೆ. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಬೌಂಡರಿ ಗೆರೆಯ ಆಚೆ ಕೂತು ಮ್ಯಾಚ್ ನೋಡಿದವರಿಗೆ ಇದು ಗೊತ್ತು. ಬ್ಯಾಟು ಚೆಂಡಿಗೆ ತಾಗಿದ್ದು ಮೊದಲು ಕಾಣುತ್ತದೆ, "ಟಕ್" ಅನ್ನೋದು ಆಮೇಲೆ ಕೇಳುತ್ತದೆ. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಸಾಮಾನ್ಯ ಬ್ಲೂಟೂತ್‌ನಲ್ಲಿ 150ರಿಂದ 200 ಮಿಲಿಸೆಕೆಂಡ್ ತಡ ಆಗುವುದು ಮಾಮೂಲಿ. ಅಂದರೆ 50ರಿಂದ 70 ಮೀಟರ್ ದೂರ ಕೂತು ಕೇಳಿದ ಹಾಗೆ. ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಡಾಂಗಲ್‌ನ ಜೊತೆ ಬರುವ 2.4 ಗಿಗಾಹರ್ಟ್ಸ್ ಹೆಡ್‌ಸೆಟ್‌ಗಳಲ್ಲಿ ಈ ತಡ ಚೆನ್ನಾಗಿರುವವುಗಳಲ್ಲಿ 20, 30 ಮಿಲಿಸೆಕೆಂಡ್ ಅಷ್ಟೇ, ದೊಡ್ಡ ಹಾಲ್‌ನ ಆ ತುದಿಯಿಂದ ಯಾರೋ ಕರೆದಷ್ಟು. ಸಿನಿಮಾ ನೋಡಲು ಬ್ಲೂಟೂತ್ ಸಾಕು. ಆಟಕ್ಕೆ ಡಾಂಗಲ್ ಇರುವುದನ್ನೇ ತೆಗೆದುಕೊಳ್ಳಿ, ಇದರಲ್ಲಿ ಎರಡು ಮಾತಿಲ್ಲ.

ಡಾಂಗಲ್ ಅಂದಾಗ ನನ್ನ ಇನ್ನೊಂದು ಪಾಡು ಹೇಳಲೇಬೇಕು. ಮೊದಲ ತಿಂಗಳು ಸದ್ದು ಆಗಾಗ ತುಂಡಾಗುತ್ತಿತ್ತು. ಹೆಡ್‌ಸೆಟ್ಟೇ ದೋಷದ್ದು ಅಂದುಕೊಂಡು ವಾಪಸ್ ಮಾಡಲು ಡಬ್ಬ ಕೂಡ ಹುಡುಕಿ ಇಟ್ಟಿದ್ದೆ. ಆಮೇಲೆ ಬಗ್ಗಿ ಸಿಪಿಯು ಹಿಂದೆ ನೋಡಿದರೆ, ಡಾಂಗಲ್ಲು ಗೋಡೆ ಕಡೆಯ ಮೂಲೆಯಲ್ಲಿ, ನೀಲಿ ಬಣ್ಣದ ಯುಎಸ್‌ಬಿ 3 ತೂತಿನಲ್ಲಿ, ಹಾರ್ಡ್ ಡಿಸ್ಕಿನ ವೈರಿಗೆ ಅಂಟಿಕೊಂಡು ಕೂತಿದೆ. ಯುಎಸ್‌ಬಿ 3 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ಗದ್ದಲ ಎಬ್ಬಿಸುತ್ತದೆ, 2012ರಲ್ಲೇ ಇಂಟೆಲ್ ಈ ಬಗ್ಗೆ ವಿವರವಾಗಿ ಬರೆದು ಪ್ರಕಟಿಸಿತ್ತು. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು ಡಾಂಗಲ್ಲನ್ನು ಮೇಜಿನ ಮೇಲೆ, ಕಣ್ಣೆದುರಿಗೆ ಇಟ್ಟೆ. ಸದ್ದು ತುಂಡಾಗುವುದು ಅವತ್ತಿಗೇ ನಿಂತಿತು. ಮೈಕ್ರೋವೇವ್ ಒಲೆ, ಮನೆಯ ವೈಫೈ ಕೂಡ ಇದೇ ಅಲೆಗಳಲ್ಲಿ ಓಡಾಡುತ್ತವೆ, ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಾಯಿಸಿಕೊಂಡರೆ ಇನ್ನೂ ಒಳ್ಳೆಯದು. ಹೆಡ್‌ಸೆಟ್‌ಗೆ ಬೈಯುವ ಮುಂಚೆ ಇಷ್ಟು ನೋಡಿ.

ಈಗ ಎರಡು ಹೆಡ್‌ಸೆಟ್ ಪಕ್ಕಪಕ್ಕ ಇಟ್ಟು ಹೇಳುತ್ತೇನೆ, ಗುಣ ಯಾವುದು, ಕೊರತೆ ಯಾವುದು ಅಂತ ತೂಗುವುದು ಹೇಗೆ ಅನ್ನೋದು ಅದರಲ್ಲೇ ಕಾಣುತ್ತದೆ. ಒಂದು ಹೈಪರ್‌ಎಕ್ಸ್ ಕ್ಲೌಡ್ ಆಲ್ಫಾ ವೈರ್‌ಲೆಸ್, 2022ರಲ್ಲಿ ಬಂದದ್ದು. ಒಮ್ಮೆ ಚಾರ್ಜ್ ಮಾಡಿದರೆ 300 ಗಂಟೆ ಅಂತ ಕಂಪನಿ ಹೇಳುತ್ತದೆ. ಅದು ಅರ್ಧ ವಾಲ್ಯೂಮಿನ ಲೆಕ್ಕ, ಆದರೂ ದಿನಕ್ಕೆ ಎರಡು ಗಂಟೆಯಂತೆ ಐದು ತಿಂಗಳಾಯಿತು. ಚಾರ್ಜ್ ಮಾಡಿದ್ದೇ ಮರೆತುಹೋಗುವಷ್ಟು. ಬಾಯಿಯ ಹತ್ತಿರಕ್ಕೆ ಬಗ್ಗಿಸಿಕೊಳ್ಳುವ ಮೈಕು ಇದೆ, ಬೇಡವಾದಾಗ ಕಿತ್ತಿಡಬಹುದು. ಆದರೆ ಬ್ಲೂಟೂತ್ ಇಲ್ಲ, ವೈರು ಸಿಕ್ಕಿಸಿ ಕೇಳುವ ತೂತೂ ಇಲ್ಲ. ಡಾಂಗಲ್ ಕಳೆದರೆ ಹೆಡ್‌ಸೆಟ್ ಸುಮ್ನೆ ಕೂರುತ್ತದೆ. ತೂಕ 335 ಗ್ರಾಂ.

ಇನ್ನೊಂದು ಲಾಜಿಟೆಕ್ ಜಿ435, 2021ರದ್ದು. ತೂಕ 165 ಗ್ರಾಂ, ಅಂದರೆ ಮೊದಲಿನದರ ಅರ್ಧವೂ ಇಲ್ಲ. ಡಾಂಗಲ್ಲೂ ಇದೆ, ಬ್ಲೂಟೂತೂ ಇದೆ, ಫೋನಿಗೂ ಆಗುತ್ತದೆ. ಬ್ಯಾಟರಿ 18 ಗಂಟೆ. ಮೈಕಿನ ಕಡ್ಡಿ ಇಲ್ಲ, ಕಿವಿಯ ಬಟ್ಟಲಲ್ಲೇ ಮೈಕು ಅಡಗಿದೆ. ನೋಡೋಕೆ ಚೆನ್ನ, ಮಕ್ಕಳ ತಲೆಗೂ ಹಗುರ. ಆದರೆ ಬಾಯಿಗೂ ಮೈಕಿಗೂ ದೂರ ಹೆಚ್ಚಾದಷ್ಟೂ ಕೋಣೆಯ ಸದ್ದು ಮಾತಿನ ಜೊತೆ ಸೇರಿಕೊಳ್ಳುತ್ತದೆ, ಇದು ಯಾವ ಮೈಕಿಗೂ ತಪ್ಪಿದ್ದಲ್ಲ. ಸೀಲಿಂಗ್ ಫ್ಯಾನ್ ಮೂರರಲ್ಲಿ ತಿರುಗುವ ಮನೆಯಲ್ಲಿ ಕೂತು ಮಾತಾಡುವ ನನಗೆ ಮೈಕಿನ ಕಡ್ಡಿ ಬೇಕೇ ಬೇಕು. ಒಂಟಿಯಾಗಿ ಕಥೆಯ ಆಟ ಆಡುವವರಿಗೆ ಆ ಕಡ್ಡಿ ಯಾಕೆ? ಅವರಿಗೆ ಹಗುರವಾದದ್ದೇ ಸರಿ. ಹಾಗಾಗಿ ಒಬ್ಬರ ಕೊರತೆ ಇನ್ನೊಬ್ಬರಿಗೆ ಲೆಕ್ಕಕ್ಕೇ ಬರುವುದಿಲ್ಲ, ಅಂಕ ಕೊಟ್ಟು ಪಟ್ಟಿ ಮಾಡುವವರು ಇದನ್ನು ನೋಡುವುದೇ ಕಡಿಮೆ.

ಮೈಕನ್ನು ಪರೀಕ್ಷೆ ಮಾಡುವುದು ಹೇಗೆ ಅಂದರೆ, ನಾನು ಹೀಗೆ ಮಾಡುತ್ತೇನೆ. ಫ್ಯಾನ್ ಹಾಕಿ, ಅಡುಗೆಮನೆಯಲ್ಲಿ ಮಿಕ್ಸಿ ಓಡುವ ಹೊತ್ತು ನೋಡಿಕೊಂಡು, ಮಾಮೂಲಿ ದನಿಯಲ್ಲಿ "ಹಿಂದೆ, ಮುಂದೆ, ಸಂಜೆ, ಶಂಕರ" ಅಂತ ನಡುನಡುವೆ ಎರಡು ಸೆಕೆಂಡು ಬಿಟ್ಟು ಹೇಳಿ ರೆಕಾರ್ಡ್ ಮಾಡಿ ಕೇಳುತ್ತೇನೆ. ಆ ಎರಡು ಸೆಕೆಂಡು ಬಿಡುವುದು ಮುಖ್ಯ, ಆಗಲೇ ಮೈಕಿನ ಬಾಗಿಲು ಮುಚ್ಚುವುದು. ಆಟಗಾರರು ಮಾತಾಡಲು ಬಳಸುವ ಡಿಸ್ಕಾರ್ಡ್ ಆ್ಯಪ್‌ನಲ್ಲಿ ನಮ್ಮ ಮೈಕನ್ನು ನಾವೇ ಕೇಳಿ ನೋಡುವ ಸೌಲಭ್ಯವೂ ಇದೆ. ಮೊದಲ ಅಕ್ಷರ ನುಂಗಿಹೋದರೆ ಹೆಡ್‌ಸೆಟ್‌ನ ಸಾಫ್ಟ್‌ವೇರಿನಲ್ಲಿ ಗದ್ದಲ ತಡೆಯುವ ಆಯ್ಕೆ ಇದೆಯಾ ನೋಡಿ, ಅದನ್ನು ಸ್ವಲ್ಪ ಇಳಿಸಿ. ನನ್ನದಕ್ಕೆ ಅಷ್ಟು ಮಾಡಿದ ಮೇಲೆ "ಹಿ" ವಾಪಸ್ ಬಂತು, ಜೊತೆಗೆ ಫ್ಯಾನಿನ ಸದ್ದೂ ಸ್ವಲ್ಪ ಬಂತು. ಪರವಾಗಿಲ್ಲ ಅಂದ ತಮ್ಮ.

ಹಿಂದೆ ಮುಂದೆಯ ತೊಡಕು ಮೈಕಿನಲ್ಲಿ ಮಾತ್ರ ಇಲ್ಲ, ಕೇಳುವ ಕಡೆಯೂ ಇದೆ. ಎಡಗಡೆ ಹೆಜ್ಜೆ ಸದ್ದಾದರೆ ಎಡಕಿವಿಗೆ ಚೂರು ಮೊದಲು ಮುಟ್ಟುತ್ತದೆ, ಜಾಸ್ತಿ ಅಂದರೆ ಮುಕ್ಕಾಲು ಮಿಲಿಸೆಕೆಂಡಿಗಿಂತ ಸ್ವಲ್ಪ ಕಡಿಮೆ, ಮಿದುಳಿಗೆ ಅಷ್ಟೇ ಸಾಕು. ಆದರೆ ನೇರ ಎದುರಿನ ಸದ್ದೂ ನೇರ ಬೆನ್ನ ಹಿಂದಿನ ಸದ್ದೂ ಎರಡು ಕಿವಿಗೂ ಒಂದೇ ಹೊತ್ತಿಗೆ ಬರುತ್ತವೆ. ಅವುಗಳ ವ್ಯತ್ಯಾಸ ನಮಗೆ ತಿಳಿಯುವುದು ನಮ್ಮ ಹೊರಗಿವಿಯ ಮಡಿಕೆಗಳಿಂದ, ಸದ್ದು ಅದಕ್ಕೆ ತಾಗಿ ಬಣ್ಣ ಬದಲಿಸಿಕೊಂಡು ಒಳಗೆ ಹೋಗುತ್ತದೆ. ಒಬ್ಬೊಬ್ಬರ ಕಿವಿ ಒಂದೊಂದು ಆಕಾರ. ಡಬ್ಬದ ಮೇಲೆ 7.1 ಅಂತ, ಅಂದರೆ ಸುತ್ತಲೂ ಏಳು ಸ್ಪೀಕರು, ಜೊತೆಗೊಂದು ಬೇಸ್ ಸ್ಪೀಕರು ಇಟ್ಟ ಹಾಗೆ ಅಂತ ಬರೆದಿದ್ದರೂ ಒಳಗೆ ಸಾಮಾನ್ಯವಾಗಿ ಇರುವುದು ಕಿವಿಗೊಂದು ಡ್ರೈವರ್ ಮಾತ್ರ, ಉಳಿದದ್ದು ಲೆಕ್ಕಾಚಾರ. ಆ ಲೆಕ್ಕಾಚಾರ ನಿಮ್ಮ ಕಿವಿಗೆ ಹೊಂದಿದರೆ ಅದೃಷ್ಟ. ವ್ಯಾಲೊರಂಟ್‌ನಲ್ಲಿ ಇಂಥದ್ದೇ ಲೆಕ್ಕಾಚಾರ ಮಾಡುವ ಎಚ್‌ಆರ್‌ಟಿಎಫ್ ಅಂತ ಆಟದ್ದೇ ಒಂದು ಏರ್ಪಾಡು ಇದೆ. ಅದನ್ನೂ ಹಾಕಿ, ಹೆಡ್‌ಸೆಟ್‌ನ 7.1 ಅನ್ನೂ ಹಾಕಿದರೆ ಎರಡೂ ಸೇರಿ ಕಲಸುಮೇಲೋಗರ ಆಗುತ್ತದೆ. ಒಂದನ್ನು ಆರಿಸಿ, ಇನ್ನೊಂದನ್ನು ಬಂದ್ ಮಾಡಿ.

ತಲೆಯ ಮೇಲೆ ಅದು ಹೇಗೆ ಕೂರುತ್ತದೆ ಅನ್ನೋದನ್ನು ಅಂಗಡಿಯಲ್ಲಿ ಎರಡು ನಿಮಿಷದಲ್ಲಿ ತಿಳಿಯಲು ಆಗದು. ನಾನು ಕನ್ನಡಕ ಹಾಕುತ್ತೇನೆ, ಕಿವಿಗೆ ಓಲೆ ಇದೆ. ಒಂದು ಗಂಟೆಯವರೆಗೆ ಏನೂ ಇಲ್ಲ. ಎರಡನೇ ಗಂಟೆಯಲ್ಲಿ ಕನ್ನಡಕದ ಕಡ್ಡಿ ಕಿವಿಯ ಮೇಲೆ ಒತ್ತುತ್ತದೆ, ಓಲೆಯ ತಿರುಪು ಹಿಂದಿನಿಂದ ಚುಚ್ಚುತ್ತದೆ. ಈಗ ಆಟಕ್ಕೆ ಕೂರುವ ಮುಂಚೆ ಓಲೆ ಬಿಚ್ಚಿಡುತ್ತೇನೆ. ಕನ್ನಡಕದ ಕಡ್ಡಿಯಿಂದ ಮೆತ್ತೆ ಮತ್ತು ಕೆನ್ನೆಯ ನಡುವೆ ಸಂದಿ ಬಿದ್ದರೆ ಬೇಸ್ ಸೋರಿಹೋಗುತ್ತದೆ, ಅದೂ ಗೊತ್ತಿರಲಿ. ಇನ್ನು ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ನಮ್ಮಂಥವರಿಗೆ ಚರ್ಮದ ಹಾಗೆ ಕಾಣುವ ರೆಕ್ಸಿನ್ ಮೆತ್ತೆ ಬಾಳುವುದಿಲ್ಲ. ಎಣ್ಣೆ, ಬೆವರು ಸೇರಿ ನನ್ನದು ಹತ್ತು ತಿಂಗಳಿಗೆ ಸಿಪ್ಪೆ ಏಳಲು ಶುರುವಾಯಿತು, ಕೆನ್ನೆಗೆಲ್ಲ ಕರಿ ಚೂರು. ಮಂಗಳೂರು, ಕಾರವಾರದ ಕಡೆಯ ಸೆಕೆಗೆ ಇನ್ನೂ ಬೇಗ ಆದೀತು. ಬಟ್ಟೆಯ ಮೆತ್ತೆ ತಂಪು, ಆದರೆ ಹೊರಗಿನ ಸದ್ದು ಒಳಗೆ ಬರುತ್ತದೆ. ಕೊಳ್ಳುವಾಗಲೇ ಕೇಳಿ, ಈ ಮೆತ್ತೆ ಬಿಚ್ಚಿ ಬೇರೆ ಹಾಕಬಹುದಾ, ಬಿಡಿಯಾಗಿ ಸಿಗುತ್ತದಾ ಅಂತ. ಬ್ಯಾಟರಿಗೂ ಇದೇ ಪ್ರಶ್ನೆ. ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಸೊರಗುತ್ತದೆ, ಹೆಚ್ಚಿನವುಗಳಲ್ಲಿ ಅದನ್ನು ಬದಲಾಯಿಸಲು ಬರುವುದಿಲ್ಲ. ಸ್ಟೀಲ್‌ಸೀರೀಸ್‌ನ ಆರ್ಕ್ಟಿಸ್ ನೋವಾ ಪ್ರೋ ವೈರ್‌ಲೆಸ್‌ನಲ್ಲಿ ಎರಡು ಬ್ಯಾಟರಿ ಕೊಡುತ್ತಾರೆ, ಒಂದು ಓಡುವಾಗ ಇನ್ನೊಂದು ಚಾರ್ಜ್ ಆಗುತ್ತಿರುತ್ತದೆ, ಕೈಯಲ್ಲೇ ಬದಲಿಸಿಕೊಳ್ಳಬಹುದು. ಬೆಲೆ ಜಾಸ್ತಿ, ಆದರೆ ಯೋಚನೆ ಚೆನ್ನಾಗಿದೆ.

ವಾಲ್ಯೂಮಿನ ಮಾತು ಬಿಟ್ಟು ಏಳಲು ಮನಸ್ಸಿಲ್ಲ, ಮನೆಯಲ್ಲಿ ಮಕ್ಕಳಿದ್ದಾರೆ. ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬೆಲ್ ಆದರೆ ವಾರಕ್ಕೆ ನಾಲ್ಕೇ ಗಂಟೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹತ್ತು ಡೆಸಿಬೆಲ್‌ಗೆ ಹತ್ತು ಪಾಲು ಕಡಿಮೆ. ಹೆಜ್ಜೆ ಸದ್ದು ಕೇಳಲಿ ಅಂತ ವಾಲ್ಯೂಮ್ ಏರಿಸಿದರೆ ಅದೇ ಏಟಿಗೆ ಬಂದೂಕಿನ ಸದ್ದೂ ಏರುತ್ತದೆ. ನಾನು ಮಗನಿಗೆ ಮಾಡಿಕೊಟ್ಟಿರುವುದು ಇಷ್ಟೇ: ಹೆಡ್‌ಸೆಟ್ ಹಾಕಿಕೊಂಡಿದ್ದಾಗ ಒಂದು ಕೈಯಳತೆ ದೂರದಿಂದ ಮಾಮೂಲಿ ದನಿಯಲ್ಲಿ ಕರೆಯುತ್ತೇನೆ. ಅವನಿಗೆ ಕೇಳದಿದ್ದರೆ ವಾಲ್ಯೂಮ್ ಇಳಿಸಬೇಕು. ಜಿ435ರಲ್ಲಿ ಸದ್ದು 85 ಡೆಸಿಬೆಲ್ ದಾಟದಂತೆ ಮಿತಿ ಹಾಕುವ ಆಯ್ಕೆ ಇದೆ, ಮಕ್ಕಳಿಗೆ ಕೊಡಿಸುವವರು ಇಂಥದ್ದು ಇದೆಯಾ ಅಂತ ಕೇಳಿ ತೆಗೆದುಕೊಳ್ಳಿ.

ನನ್ನ ಹೆಡ್‌ಸೆಟ್ ಈಗಲೂ ಅದೇ ಇದೆ. ಮೈಕು ಸರಿ ಮಾಡಿಕೊಂಡೆ, ಡಾಂಗಲ್ಲು ಮೇಜಿನ ಮೇಲಿದೆ, ಹೊಸ ಬಟ್ಟೆ ಮೆತ್ತೆ ತರಿಸಿ ಹಾಕಿದ್ದೇನೆ. ತಮ್ಮ ಹೊಸದು ಕೊಳ್ಳಬೇಕು ಅನ್ನುತ್ತಿದ್ದಾನೆ. ಕೊಂಡ ದಿನವೇ ನನಗೆ ಕರೆ ಮಾಡು, ನಿನ್ನ ಮೈಕು ಹೇಗಿದೆ ಅಂತ ನಾನು ಹೇಳುತ್ತೇನೆ ಅಂದಿದ್ದೇನೆ.

ನಮಸ್ಕಾರ.